ನನ್ನ ಮಗನಿಗೆ ಸಫ್‌ನಲ್ಲಿ ಜಾಗ ಬಿಟ್ಟವರಿಗೆ

ಅಸ್ಸಲಾಮು ಅಲೈಕುಂ. ಎಲ್ಲರಿಗೂ ನಮಸ್ಕಾರ.

ಕಳೆದ ಶುಕ್ರವಾರ ನನ್ನ ಮಗ ಮಸೀದಿಯಲ್ಲಿ ಎಲ್ಲರ ಜೊತೆ ಸಫ್‌ನಲ್ಲಿ, ಅಂದರೆ ನಮಾಜಿನ ಸಾಲಿನಲ್ಲಿ, ನಿಂತು ಜುಮಾ ನಮಾಜ್ ಪೂರ್ತಿ ಮಾಡಿ ಬಂದ. ಅವನಿಗೆ ಆಟಿಸಂ ಇದೆ. ಖುತ್ಬಾ (ಇಮಾಮರ ಪ್ರವಚನ) ಮುಗಿಯುವವರೆಗೆ ಕೂತಿದ್ದ. ಇಮಾಮರು ಸಲಾಂ ಹೇಳುವವರೆಗೆ ಸಾಲು ಬಿಡಲಿಲ್ಲ. 12 ವರ್ಷದ ಬೇರೆ ಹುಡುಗನಾಗಿದ್ದರೆ ಇದು ಸುದ್ದಿಯೇ ಅಲ್ಲ. ನಮಗೆ ಇದು ಎಷ್ಟು ದೊಡ್ಡದು ಅಂತ ಇದನ್ನು ಓದುತ್ತಿರುವ ಹೆಚ್ಚಿನವರಿಗೆ ಗೊತ್ತು. ಅದಕ್ಕೇ ಅವನ ರಿಪೋರ್ಟು, ಮಾತ್ರೆ, ಆಸ್ಪತ್ರೆಯ ಕಥೆಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಥ್ಯಾಂಕ್ಸ್ ಹೇಳಬೇಕಿದೆ, ಅದನ್ನು ಹೇಳುತ್ತೇನೆ.

ಬ್ಯಾರಿಯಲ್ಲಿ ಬರೆದರೆ ಮೈಸೂರಿನವರಿಗೆ ತಿಳಿಯುವುದಿಲ್ಲ. ಉರ್ದು ಬರೆಯಲು ನನಗೆ ಬರುವುದಿಲ್ಲ. ಕೆಳಗಿನ ಮನೆಯ ಖಾಲಾ (ಚಿಕ್ಕಮ್ಮ ಅಂತ ಕರೆಯುವುದು) ಮತ್ತು ನಾನು ಮೊದಲ ದಿನದಿಂದ ಮಾತಾಡಿಕೊಂಡಿದ್ದು ಕನ್ನಡದಲ್ಲಿ. ನನ್ನ ಮಗ ಆಡುವ ಕೆಲವೇ ಮಾತುಗಳೂ ಕನ್ನಡವೇ. ಖಾಲಾ ಅವರ ಮೊಮ್ಮಗ ಇದನ್ನು ಅವರಿಗೆ ಓದಿ ಹೇಳುತ್ತಾನೆ ಅಂತ ಒಪ್ಪಿಕೊಂಡಿದ್ದಾನೆ.

ಮೊದಲು ಒಟ್ಟಿಗೇ ಹೇಳಿಬಿಡುತ್ತೇನೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ನಮಗೆ ಥೆರಪಿ ಕೊಟ್ಟ ಎಲ್ಲ ವಿದ್ಯಾರ್ಥಿಗಳಿಗೆ, ಅವರ ಮೇಡಂಗಳಿಗೆ. ಈ ಸಂಸ್ಥೆಗಾಗಿಯೇ ನಾವು ಊರು ಬಿಟ್ಟು ಮೈಸೂರಿಗೆ ಬಂದಿದ್ದು. ಅಲ್ಲಿನ ಬೆಂಚುಗಳಲ್ಲಿ ನನ್ನ ಪಕ್ಕ ಕೂತು ಚಪಾತಿ ಹಂಚಿಕೊಂಡ ಹಾಸನ, ಚಾಮರಾಜನಗರ, ಕೇರಳದ ಅಮ್ಮಂದಿರಿಗೆ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ, ನಿರಾಮಯ ಆರೋಗ್ಯ ವಿಮೆಗೆ ನನ್ನ ಬದಲು ಕಚೇರಿಗಳಿಗೆ ಓಡಾಡಿದ ಮೈದುನನಿಗೆ. 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ ಅಂತ ನನಗೆ ಮೊದಲು ತೋರಿಸಿದ್ದು ಅವನೇ. ಬೆಳಿಗ್ಗೆ ಹಾರ್ನ್ ಹೊಡೆಯದೆ ಬಂದು ನಿಲ್ಲುವ ಆಟೋ ಅಣ್ಣನಿಗೆ. ಊರಿನಿಂದ ಬಸ್ಸಿನಲ್ಲಿ ಪತ್ತಿರಿ, ಕೊಬ್ಬರಿ ಎಣ್ಣೆ ಕಳಿಸುವ ನನ್ನ ಉಮ್ಮನಿಗೆ. ದಮ್ಮಾಮ್‌ನಲ್ಲಿ ದುಡಿಯುತ್ತಾ, ಡ್ಯೂಟಿ ಮುಗಿದ ಮೇಲೆ ನಿದ್ದೆ ಬಿಟ್ಟು ವಿಡಿಯೋ ಕಾಲ್‌ನಲ್ಲಿ ಮಗನ ಎದುರು ಸುಮ್ನೆ ಕೂರುವ ನನ್ನ ಯಜಮಾನರಿಗೆ. ನಿಮ್ಮೆಲ್ಲರಿಗೂ ಜಝಾಕಲ್ಲಾಹು ಖೈರ್, ಅಲ್ಲಾಹ್ ಒಳ್ಳೆಯ ಪ್ರತಿಫಲ ಕೊಡಲಿ.

ಈಗ ಖಾಲಾ.

ಖಾಲಾ ನಮ್ಮ ಸಂಬಂಧಿಕರಲ್ಲ. ಉದಯಗಿರಿಯಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಕೆಳಗಿನ ಮನೆಯವರು. ಅವರು ಹನಫಿ, ನಾವು ಶಾಫಿ, ನಮಾಜಿನ ರೀತಿಯಲ್ಲಿ ಸಣ್ಣ ವ್ಯತ್ಯಾಸವಿರುವ ಎರಡು ಮಝಹಬ್‌ಗಳು (ಪಂಥಗಳು). ಮನೆಯಲ್ಲಿ ಅವರದು ದಖನಿ ಉರ್ದು, ನಮ್ಮದು ಬ್ಯಾರಿ. ನಾನು ಬೆಳಗಿನ ಫಜ್ರ್ ನಮಾಜಿನಲ್ಲಿ ಕುನೂತ್ ಪ್ರಾರ್ಥನೆಗೆ ಕೈ ಎತ್ತಿದ್ದನ್ನು ಮೊದಲ ಸಲ ನೋಡಿದಾಗ ಇದೇನು ಅಂತ ಕೇಳಿದ್ದರು. ಹೇಳಿದೆ. ತಲೆ ಅಲ್ಲಾಡಿಸಿ ಚಹಾ ಕೊಟ್ಟರು. ಮೊದಲ ವರ್ಷ ನಮ್ಮಿಬ್ಬರ ನಡುವೆ ಇದ್ದಿದ್ದು ಅಷ್ಟೇ. ಸಲಾಂ, ಚಹಾ, ನೀರು ಬಂತಾ ಅನ್ನುವ ಮಾತು.

ಆಮೇಲೆ ಆ ರಾತ್ರಿ ಬಂತು. ರಂಜಾನಿನ ಕೊನೆಯ ಹತ್ತರಲ್ಲಿ ಒಂದು ರಾತ್ರಿ. ಏನಾಯಿತು ಅಂತ ಗೊತ್ತಿರುವವರಿಗೆ ಗೊತ್ತು. ಗೊತ್ತಿಲ್ಲದವರು ದಯವಿಟ್ಟು ಕೇಳಬೇಡಿ, ಅವನು ದೊಡ್ಡವನಾಗುತ್ತಿದ್ದಾನೆ, ಅದು ಅವನ ವಿಷಯ. ರಂಜಾನಿನ ರಾತ್ರಿಯ ತರಾವೀಹ್ ನಮಾಜ್ ಮುಗಿದು ಬೀದಿ ಖಾಲಿಯಾಗಿತ್ತು. ನಾನೂ ಅವನೂ ಇಬ್ಬರೇ. ಫೋನಿನಲ್ಲಿ ಅವನ ಅಪ್ಪ, ಏನೂ ಮಾಡಲಾಗದೆ.

ಖಾಲಾ ಸದ್ದು ಕೇಳಿ ಮೆಟ್ಟಿಲು ಹತ್ತಿ ಬಂದರು. ಏನಾಯ್ತು ಅಂತ ಕೇಳಲಿಲ್ಲ. ಮೊದಲು ಟ್ಯೂಬ್‌ಲೈಟ್ ಆರಿಸಿದರು. ಆಮೇಲೆ ಕೈಯಲ್ಲಿದ್ದ ಗಾಜಿನ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಕಿಟಕಿಯ ಮೇಲಿಟ್ಟರು. ಬಳೆಯ ಸದ್ದು ಇವನಿಗೆ ಆಗುವುದಿಲ್ಲ ಅಂತ ನಾನು ಅವರಿಗೆ ಹೇಳಿರಲೇ ಇಲ್ಲ. ಯಾವಾಗಲೋ ತಾವೇ ನೋಡಿಕೊಂಡಿದ್ದರು. ಇವನು ಹುಟ್ಟಿದಾಗಿನಿಂದ ನೋಡಿದ ಎಷ್ಟೋ ನೆಂಟರು ಗಮನಿಸದ ವಿಷಯ ಅದು.

ಬಾಗಿಲಿನ ಹತ್ತಿರ ನೆಲದ ಮೇಲೆ ಕೂತರು. ಇವನು ಹೊರಗೆ ಓಡಲು ಬಂದಾಗೆಲ್ಲ ಅಡ್ಡ ಕೂತೇ ಇದ್ದರು. ಮುಟ್ಟಲಿಲ್ಲ. ಗದರಲಿಲ್ಲ. ಜನ ಸಾಮಾನ್ಯವಾಗಿ ಇವನ ಮುಂದೆ ಜೋರಾಗಿ ದುಆ ಓದಿ ಊದುತ್ತಾರೆ. ಖಾಲಾ ತುಟಿ ಮಾತ್ರ ಅಲ್ಲಾಡಿಸುತ್ತಿದ್ದರು, ದನಿ ಇಲ್ಲ. ಒಮ್ಮೆ ಅವನ ಕೈ ಬೀಸಿ ಅವರ ಕೆನ್ನೆಗೆ ಬಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳು ತುಟಿಗಿಟ್ಟು ಬೇಡ ಅಂದರು.

ಯಾವ ಹೊತ್ತಿನಲ್ಲೋ ನಾನು ಜೋರಾಗಿಯೇ ಹೇಳಿಬಿಟ್ಟೆ. ಯಾ ಅಲ್ಲಾಹ್, ನಮ್ಮಿಬ್ಬರನ್ನೂ ಒಟ್ಟಿಗೇ ಕರೆಸಿಕೋ. ನಾನು ಹೋದಮೇಲೆ ಇವನನ್ನು ಯಾರ ಬಾಗಿಲಲ್ಲಿ ಬಿಡಲಿ?

ಇಂಥ ಮಕ್ಕಳ ಅಮ್ಮಂದಿರಿಗೆ ಈ ಪ್ರಶ್ನೆ ಹೊಸದಲ್ಲ, ಅಲ್ವಾ? ಹಗಲು ಅದನ್ನು ಹೇಗೋ ದೂರ ಇಡುತ್ತೇವೆ. ಆ ರಾತ್ರಿ ದೂರ ಇಡಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಖಾಲಾ ಎಲ್ಲವನ್ನೂ ಕೇಳಿಸಿಕೊಂಡರು. ತೋಬಾ ಮಾಡು, ತಪ್ಪಾಯಿತು ಅನ್ನು ಅನ್ನಲಿಲ್ಲ. ಸಬರ್ ಮಾಡು, ತಾಳ್ಮೆ ಇರಲಿ ಅನ್ನಲಿಲ್ಲ. ಅಲ್ಲಾಹ್ ತನಗೆ ಇಷ್ಟವಾದವರನ್ನೇ ಪರೀಕ್ಷೆ ಮಾಡುತ್ತಾನೆ ಅಂತಲೂ ಹೇಳಲಿಲ್ಲ. ಇವೆಲ್ಲ ನಿಜವೇ ಇರಬಹುದು. ಆದರೆ ಆ ಹೊತ್ತಿನಲ್ಲಿ ಯಾರಾದರೂ ಹಾಗೆ ಹೇಳಿದ್ದರೆ ನಾನು ಮುರಿದುಬೀಳುತ್ತಿದ್ದೆ. ಅವರು ಹೇಳಿದ್ದು ಇಷ್ಟೇ: “ತೂ ಸೋಜಾ ಬೇಟಾ, ಮೈ ಹ್ಞೂಂ.” ನೀನು ಮಲಗು, ನಾನಿದ್ದೀನಿ.

ನಾನು ನಿಜಕ್ಕೂ ಮಲಗಿದೆ. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಸೆಹ್ರಿ ಹೊತ್ತಿಗೆ, ಉಪವಾಸಕ್ಕೆ ಮುಂಚಿನ ಊಟಕ್ಕೆ, ಎಬ್ಬಿಸಿದರು. ಮಗ ಅವರಿಂದ ಸ್ವಲ್ಪ ದೂರದಲ್ಲಿ ಚಾಪೆಯ ಮೇಲೆ ನಿದ್ದೆ ಹೋಗಿದ್ದ. ಮೊಸರನ್ನ ಕಲಸಿ ನನ್ನ ಮುಂದಿಟ್ಟು, ತಿನ್ನುವವರೆಗೂ ನೋಡುತ್ತಾ ಕೂತರು. ತಾವು ಒಂದು ಲೋಟ ನೀರು ಮಾತ್ರ ಕುಡಿದು ರೋಜಾ ಇಟ್ಟರು. ಆ ವಯಸ್ಸಿನಲ್ಲಿ, ರಾತ್ರಿಯಿಡೀ ಎದ್ದಿದ್ದು, ಬರೀ ನೀರಿನ ಮೇಲೆ.

ನುಅ್‌ಮಾನ್ ಬಿನ್ ಬಶೀರ್ ವರದಿ ಮಾಡಿದ ಪ್ರವಾದಿಯವರ ಮಾತು, ಆ ಹದೀಸ್, ನಮಗೆಲ್ಲ ಗೊತ್ತು. ಮುಅ್ಮಿನರೆಲ್ಲ, ಅಂದರೆ ವಿಶ್ವಾಸಿಗಳೆಲ್ಲ, ಒಂದು ದೇಹ. ಒಂದು ಅಂಗಕ್ಕೆ ನೋವಾದರೆ ಇಡೀ ದೇಹಕ್ಕೆ ಜ್ವರ ಬರುತ್ತದೆ, ನಿದ್ದೆ ಹೋಗುತ್ತದೆ. ಸಮ್ಮೇಳನಗಳಲ್ಲಿ, ಭಾಷಣಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೆ. ಬ್ಯಾನರಿನ ಮೇಲೂ ಓದಿದ್ದೆ. ಆ ರಾತ್ರಿಯವರೆಗೆ ಅದರಲ್ಲಿ ನಿದ್ದೆಯ ಮಾತೂ ಇದೆ ಅಂತ ನಾನು ಗಮನ ಕೊಟ್ಟಿರಲಿಲ್ಲ. ನನ್ನ ನೋವಿಗೆ ನಿದ್ದೆಗೆಟ್ಟ ಅಂಗ ಯಾವುದು ಅಂತ ಕೇಳಿದರೆ, ಬಳೆ ಬಿಚ್ಚಿಟ್ಟು ನೆಲದ ಮೇಲೆ ಕೂತ ಈ ಹೆಂಗಸು ಅಂತ ತೋರಿಸುತ್ತೇನೆ.

ಜುಮಾಕ್ಕೆ ಕಳಿಸು ಅಂತ ಮೊದಲು ಹೇಳಿದ್ದೂ ಖಾಲಾನೇ. ನಾನು ಒಪ್ಪಲಿಲ್ಲ. ಹಿಂದೆ ಬೇರೊಂದು ಊರಿನ ಮಸೀದಿಯಲ್ಲಿ, ನಮಾಜಿನ ನಡುವೆ ಕೈ ತಟ್ಟಿದ ಅಂತ, ಒಬ್ಬರು ಇವನ ತೋಳು ಹಿಡಿದು ಹೊರಗೆ ಬಿಟ್ಟು ಬಂದಿದ್ದರು. ಇಂಥ ಮಕ್ಕಳನ್ನು ಯಾಕೆ ತರುತ್ತೀರಿ ಅಂತ ಇವನ ಅಪ್ಪನನ್ನು ಎಲ್ಲರ ಮುಂದೆ ಕೇಳಿದ್ದರು. ಯಜಮಾನರು ಆ ದಿನ ಮನೆಗೆ ಬಂದು ಊಟ ಮಾಡಲಿಲ್ಲ. ಮೊಮ್ಮಗಳು ಉಮಾಮಾಳನ್ನು ಹೆಗಲ ಮೇಲೆ ಹೊತ್ತೇ ನಮಾಜ್ ಮಾಡಿಸಿದ ಪ್ರವಾದಿ ಅವರು. ಮಗುವಿನ ಅಳು ಕೇಳಿದರೆ ಅದರ ತಾಯಿಯನ್ನು ನೆನೆದು ನಮಾಜನ್ನೇ ಚಿಕ್ಕದು ಮಾಡುತ್ತಿದ್ದವರು. ಅವರ ಉಮ್ಮತ್ತಿನಲ್ಲಿ, ಅವರ ಅನುಯಾಯಿಗಳ ನಡುವೆ, ನನ್ನ ಮಗುವಿಗೆ ಯಾಕೆ ಜಾಗವಿಲ್ಲ ಅಂತ ನನಗೆ ತುಂಬಾ ಕೋಪವಿತ್ತು. ಆ ಕೋಪ ಪೂರ್ತಿ ಹೋಗಿದೆ ಅಂತ ಈಗಲೂ ಹೇಳಲಾರೆ.

ಚಾಚಾ, ಅಂದರೆ ಖಾಲಾ ಅವರ ಯಜಮಾನರು, ಟೈಲರ್. ಅವರು ಕಮಿಟಿಯವರ ಹತ್ತಿರ ಮಾತಾಡಿದರು. ಮಧ್ಯಾಹ್ನದ ಜುಹರ್‌ಗೂ ಸಂಜೆ ಮುಂಚಿನ ಅಸರ್‌ಗೂ ನಡುವೆ ಮಸೀದಿ ಖಾಲಿ ಇರುವಾಗ ಇವನನ್ನು ಕರೆದುಕೊಂಡು ಹೋಗತೊಡಗಿದರು. ಮೊದಮೊದಲು ಇವನು ಕೈಕಾಲು ತೊಳೆಯುವ ಹೌಜ್‌ನ (ತೊಟ್ಟಿಯ) ನೀರು ಬಿಟ್ಟು ಏಳುತ್ತಲೇ ಇರಲಿಲ್ಲ. ಚಾಚಾ ಪಕ್ಕದಲ್ಲೇ ಕೂತಿರುತ್ತಿದ್ದರು, ಅಂಗಡಿಗೆ ತಡವಾದರೂ. ಥೆರಪಿಯಲ್ಲಿ ಹೇಳಿಕೊಟ್ಟಂತೆ ನಾನು ಕಾರ್ಡು ಮಾಡಿಕೊಟ್ಟೆ. ಚಪ್ಪಲಿ ಬಿಡುವುದು, ವುಜೂ (ಕೈಕಾಲು ತೊಳೆಯುವುದು), ನಿಲ್ಲುವುದು, ರುಕೂ (ಬಾಗುವುದು), ಸುಜೂದ್ (ಹಣೆ ನೆಲಕ್ಕಿಡುವುದು), ಸಲಾಂ, ಕೊನೆಗೆ ಮನೆ. ಮುಂದೇನು ಅಂತ ಕಣ್ಣಿಗೆ ಕಂಡರೆ ಇವನಿಗೆ ಗಾಬರಿ ಕಮ್ಮಿ. ಕಾರ್ಡುಗಳನ್ನು ಚಾಚಾ ತಮ್ಮ ಜುಬ್ಬಾದ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರು. ಕಮಿಟಿಯವರು ಒಳಗಿನ ಸ್ಪೀಕರಿನ ದನಿ ತಗ್ಗಿಸಿದರು, ಬಾಗಿಲ ಹತ್ತಿರದ ಮೂಲೆಯನ್ನು ಇವನಿಗೆ ಬಿಟ್ಟುಕೊಟ್ಟರು.

ನಮ್ಮ ಭೇದಗಳೂ ಇವನಿಗೆ ಕಷ್ಟವೇ. ಇವನ ಅಪ್ಪ ಫೋನಿನಲ್ಲಿ ಹಾಕಿಕೊಟ್ಟ ಆ್ಯಪ್ ಶಾಫಿ ಲೆಕ್ಕದಲ್ಲಿ ಅಸರ್ ಕೂಗುತ್ತದೆ. ಇಲ್ಲಿನ ಮಸೀದಿಯಲ್ಲಿ ಹನಫಿ ಲೆಕ್ಕ, ಸುಮಾರು ಒಂದು ಗಂಟೆ ತಡ. ನಡುವಿನ ಆ ಒಂದು ಗಂಟೆ ಇವನು ಮನೆಯ ಉದ್ದಕ್ಕೂ ನಡೆಯುತ್ತಿದ್ದ. ಚಂದ್ರ ಕಂಡ ಲೆಕ್ಕ ಬೇರೆಯಾಗಿ 2024ರಲ್ಲಿ ಕರಾವಳಿಯಲ್ಲಿ ಏಪ್ರಿಲ್ 10ಕ್ಕೆ ಈದ್, ಮೈಸೂರಿನಲ್ಲಿ 11ಕ್ಕೆ. ಊರಿನಿಂದ ಉಮ್ಮ ಫೋನ್ ಮಾಡಿ ಈದ್ ಮುಬಾರಕ್ ಅಂದರೆ ಇವನು ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ 11ರ ಮೇಲೆ ಬೆರಳಿಟ್ಟು ನಿಂತ. ಆ ವರ್ಷ ಖಾಲಾ ಎರಡೂ ದಿನ ಶೀರ್ ಖುರ್ಮಾ ಮಾಡಿ ಮೇಲೆ ಕಳಿಸಿದರು.

ಕಳೆದ ಶುಕ್ರವಾರದ ಸಂಗತಿ ನಾನು ಚಾಚಾ ಅವರಿಂದ ಕೇಳಿದ್ದು. ನಮ್ಮ ಕಡೆ ಇಮಾಮರು ಕುರ್‌ಆನಿನ ಮೊದಲ ಅಧ್ಯಾಯ ಫಾತಿಹಾ ಮುಗಿಸಿದ ಕೂಡಲೇ ಎಲ್ಲರೂ ಜೋರಾಗಿ ಆಮೀನ್ ಹೇಳುತ್ತಾರೆ. ಹನಫಿಗಳು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾರೆ. ಮನೆಯಲ್ಲಿ ಇವನಿಗೆ ಅಪ್ಪ ಕಲಿಸಿದ್ದು ಜೋರಾದ ಆಮೀನ್. ಮೊದಲ ರಕಅತ್‌ನಲ್ಲಿ (ನಮಾಜಿನ ಒಂದು ಸುತ್ತು) ಫಾತಿಹಾ ಮುಗಿಯಿತು. ಇಡೀ ಮಸೀದಿ ನಿಶ್ಶಬ್ದ. ಇಮಾಮರು ಮುಂದಿನ ಸೂರಾ (ಅಧ್ಯಾಯ) ಶುರು ಮಾಡಿಬಿಟ್ಟಿದ್ದಾರೆ, ಆಗ ನನ್ನ ಮಗ ಗಟ್ಟಿಯಾಗಿ, ತಡವಾಗಿ, ಆಮೀನ್ ಅಂದ. ಯಾರೂ ತಿರುಗಿ ನೋಡಲಿಲ್ಲ. ಪಕ್ಕದವರು ಸರಿದು ದೂರ ಹೋಗಲಿಲ್ಲ.

ಎರಡನೇ ರಕಅತ್‌ನಲ್ಲಿ ಇಮಾಮರು ಫಾತಿಹಾ ಮುಗಿಸಿ ತಡೆದು ನಿಂತರು. ಇವನ ಆಮೀನ್ ಬಂತು. ಆಮೇಲೆ ಸೂರಾ ಶುರು ಮಾಡಿದರು.

ಹಜ್ರತ್, ನೀವು ಇದನ್ನು ಓದುತ್ತೀರೋ ಇಲ್ಲವೋ. ನೀವು ತಡೆದಿದ್ದು ಒಂದು ಉಸಿರಿನಷ್ಟು ಹೊತ್ತು ಇರಬಹುದು. ನಾನು ಆ ಹೊತ್ತಿಗೆ ಎಷ್ಟು ದುಆ ಮಾಡಿದರೂ ಕಮ್ಮಿ. ನಮಾಜ್ ಮುಗಿದ ಮೇಲೆ ಒಬ್ಬರು ಕೇಳಿದರಂತೆ, ಆ ಹುಡುಗ ಯಾಕೆ ಹಾಗೆ ಕೂಗಿದ್ದು ಅಂತ. ಶಾಫಿಗಳು ಹಾಗೇ ಹೇಳೋದು, ಮಗು ಸರಿಯಾಗಿಯೇ ಹೇಳಿದೆ, ಅಂತ ನೀವು ಅಂದಿರಂತೆ. ನನ್ನ ಮಗನ ಬಗ್ಗೆ ಮಸೀದಿಯ ಒಳಗೆ ಯಾರೋ ಸರಿಯಾಗಿದೆ ಅಂದಿದ್ದು ನಾನು ಕೇಳಿದ್ದು ಇದೇ ಮೊದಲು. ಹಿಂದಿನ ವಾರದ ಬಯಾನ್‌ನಲ್ಲಿ (ಉಪದೇಶದಲ್ಲಿ) ನೀವು ಅಬ್ದುಲ್ಲಾ ಇಬ್ನ್ ಉಮ್ಮ್ ಮಕ್ತೂಮರ ವಿಷಯ ಹೇಳಿದಿರಂತೆ. ಕಣ್ಣು ಕಾಣದ ಅವರಿಗಾಗಿ ಸೂರಾ ಅಬಸ ಇಳಿದಿದ್ದು, ಆಮೇಲೆ ಅವರು ಬಿಲಾಲರ ಜೊತೆ ಮದೀನಾದಲ್ಲಿ ಅಜಾನ್ ಕೂಗುವ ಮುಅಝ್ಝಿನ್ ಆಗಿದ್ದು, ರಂಜಾನಿನಲ್ಲಿ ಇಡೀ ಊರು ಅವರ ಅಜಾನ್ ಕೇಳುವವರೆಗೆ ಸೆಹ್ರಿ ತಿನ್ನುತ್ತಿದ್ದುದು. ನನ್ನ ಮಗನ ಹೆಸರು ಎತ್ತದೆಯೇ ಅವನಿಗೆ ಜಾಗ ಮಾಡಿಟ್ಟಿರಿ.

ನಮ್ಮ ಜಮಾಅತ್‌ಗಳು ಒಂದಾಗಬೇಕು ಅಂತ ದೊಡ್ಡವರು ಮಾತಾಡುತ್ತಾರೆ. ಆಗಲಿ, ನಾನೂ ದುಆ ಮಾಡುತ್ತೇನೆ. ಚಂದ್ರನ ವಿಷಯ, ಅಸರ್ ವಿಷಯ ಆಲಿಮರು (ಧರ್ಮ ಪಂಡಿತರು) ನೋಡಿಕೊಳ್ಳಲಿ. ನನ್ನ ಮಗನ ಸಾಲಿನಲ್ಲಿ ನಿಂತವರು ತಮ್ಮ ಮಝಹಬ್ ಬಿಡಲಿಲ್ಲ, ನನ್ನ ಮಗನಿಗೂ ಅವನದನ್ನು ಬಿಡು ಅನ್ನಲಿಲ್ಲ. ನಾನು ಕಂಡ ಒಗ್ಗಟ್ಟು ಇದು. ಈಗ ನನಗೆ ಇಷ್ಟು ಸಾಕಾಗಿದೆ.

ನಾನು ಹೋದಮೇಲೆ ಯಾರು ಅನ್ನುವ ಪ್ರಶ್ನೆ ಇನ್ನೂ ಇದೆ. ಇವನಿಗೆ 18 ತುಂಬಿದ ಮೇಲೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆಯ ಪ್ರಕಾರ ಗಾರ್ಡಿಯನ್ ನೇಮಕಕ್ಕೆ ಜಿಲ್ಲೆಯ ಸಮಿತಿಗೆ ಅರ್ಜಿ ಹಾಕಬಹುದು. ನಮ್ಮ ನಂತರಕ್ಕೆ ತನ್ನ ಹೆಸರು ಬರೆಯಿರಿ ಅಂತ ಮೈದುನ ತಾನಾಗಿಯೇ ಹೇಳಿದ್ದಾನೆ. ಅವನ ಹೆಂಡತಿಯೂ ಒಪ್ಪಿದ್ದಾಳೆ. ಇದನ್ನು ಅವರಿಬ್ಬರ ಮುಂದೆ ಸರಿಯಾಗಿ ಹೇಳಲು ನನಗೆ ಆಗಲಿಲ್ಲ, ಅಳು ಬಂತು. ಇಲ್ಲಿ ಹೇಳುತ್ತಿದ್ದೇನೆ. ನಿಮ್ಮ ಮಕ್ಕಳಿಗೆ ಅಲ್ಲಾಹ್ ಬರಕತ್ ಕೊಡಲಿ.

ಕೊನೆಯದಾಗಿ ಒಂದು ಕೋರಿಕೆ. ಮುಂದಿನ ವಾರ ಖಾಲಾ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಇದೆ. ಆಸ್ಪತ್ರೆಯಲ್ಲಿ ಅವರ ಜೊತೆ ಇರುವವಳು ನಾನು, ಅವರ ಸೊಸೆಗೆ ಮೊದಲೇ ಹೇಳಿಬಿಟ್ಟಿದ್ದೇನೆ. ಅಷ್ಟು ಹೊತ್ತು ಮಗನನ್ನು ನೋಡಿಕೊಳ್ಳಲು ಉಮ್ಮ ಊರಿನಿಂದ ಬರುತ್ತಿದ್ದಾರೆ. ಫೋನ್ ಮಾಡುವವರು ರಾತ್ರಿಯ ಇಶಾ ನಮಾಜ್ ಆದಮೇಲೆ ಮಾಡಿ. ಖಾಲಾಗೆ ಸಕ್ಕರೆ ಕಾಯಿಲೆ ಇರುವುದರಿಂದ ಸ್ವಲ್ಪ ಹೆದರಿದ್ದಾರೆ. ಯಾವ ಮಸೀದಿಯಲ್ಲಿ, ಯಾವ ಮನೆಯಲ್ಲಿ, ಯಾವ ಭಾಷೆಯಲ್ಲಿ ಕೈ ಎತ್ತಿದರೂ ಸರಿ, ಅವರಿಗಾಗಿ ದುಆ ಮಾಡಿ.