ಏಪ್ರಿಲ್ 1ರಿಂದ ನಮ್ಮ ದರ ಮತ್ತು ಡೆಲಿವರಿ ಅವಧಿಯಲ್ಲಿ ಬದಲಾವಣೆ: ಗ್ರಾಹಕರಿಗೆ ವಿವರಣೆ

ಪೀಣ್ಯ 2ನೇ ಹಂತ, ಬೆಂಗಳೂರು
ಮಾರ್ಚ್ 2025

ಮಾನ್ಯ ಗ್ರಾಹಕರೇ,

ನಮಸ್ಕಾರಗಳು. ಬರುವ ಏಪ್ರಿಲ್ 1ರಿಂದ ನಮ್ಮ ಟರ್ನಿಂಗ್, ಮಿಲ್ಲಿಂಗ್ ಮತ್ತು ಗ್ರೈಂಡಿಂಗ್ ಜಾಬ್ ವರ್ಕ್ (ನೀವು ಕೊಡುವ ಲೋಹವನ್ನು ಅಳತೆಗೆ ತಕ್ಕಂತೆ ಕಡೆದು, ಉಜ್ಜಿ ಕೊಡುವ ಕೆಲಸ) ದರಗಳು ಶೇ 7ರಷ್ಟು ಹೆಚ್ಚಲಿವೆ. ಇದುವರೆಗೆ ಏಳು ದಿನಗಳಲ್ಲಿ ಮುಗಿಸಿ ಕೊಡುತ್ತಿದ್ದ ಸಾಮಾನ್ಯ ಆರ್ಡರುಗಳಿಗೆ ಇನ್ನು ಮುಂದೆ ಹತ್ತು ದಿನ ಬೇಕಾಗುತ್ತದೆ ಮತ್ತು ಭಾನುವಾರದ ಪಾಳಿಯನ್ನು ಪೂರ್ತಿಯಾಗಿ ನಿಲ್ಲಿಸುತ್ತಿದ್ದೇವೆ. ದಿನಗೂಲಿಯ ಮೇಲೆ ದುಡಿಯುತ್ತಿದ್ದ ನಮ್ಮ ಎಲ್ಲ ಕೆಲಸಗಾರರೂ ಅದೇ ದಿನದಿಂದ ತಿಂಗಳ ಸಂಬಳಕ್ಕೆ ಬರುತ್ತಾರೆ, ಅವರೆಲ್ಲರಿಗೂ ಭವಿಷ್ಯನಿಧಿ ಆರಂಭವಾಗುತ್ತದೆ. ಮೊದಲು ಹೇಳಿದ ಬದಲಾವಣೆಗಳಿಗೆ ಈ ಕೊನೆಯ ಮಾತೇ ಕಾರಣ. ಎಷ್ಟೋ ವರ್ಷಗಳಿಂದ ನಮ್ಮನ್ನು ನಂಬಿ ಕೆಲಸ ಕೊಟ್ಟಿರುವ ನಿಮಗೆ ಬರೀ ಹೊಸ ದರಪಟ್ಟಿ ಕಳಿಸಿ ಸುಮ್ಮನಾಗುವುದು ಸರಿಯಲ್ಲವೆಂದು ತೋರಿದ್ದರಿಂದ ಈ ಪತ್ರ ಸ್ವಲ್ಪ ಉದ್ದವಾಗಿದೆ.

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ನಮ್ಮಲ್ಲಿ 17 ಜನ ಕೆಲಸಗಾರರಿದ್ದರು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪನ್ನ ಶೇ 23.9ರಷ್ಟು, ತಯಾರಿಕಾ ವಲಯವೊಂದೇ ಶೇ 39.3ರಷ್ಟು ಕುಸಿದಿತ್ತೆಂದು ಸರ್ಕಾರ ಆಗಸ್ಟ್ ಕೊನೆಯಲ್ಲಿ ಪ್ರಕಟಿಸಿತು. ಮುಂದಿನ ಮೂರು ತಿಂಗಳೂ ಇಳಿಕೆಯೇ ಕಂಡದ್ದರಿಂದ ಅದಕ್ಕೆ ಆರ್ಥಿಕ ಹಿಂಜರಿತವೆಂಬ ಹೆಸರು ಅಂಟಿಕೊಂಡಿತು. ಪೀಣ್ಯದಲ್ಲಿದ್ದವರಿಗೆ ಆ ಅಂಕಿಗಾಗಿ ಆಗಸ್ಟ್‌ವರೆಗೆ ಕಾಯಬೇಕಾಗಿರಲಿಲ್ಲ. ಹಗಲೂ ರಾತ್ರಿ ಪ್ರೆಸ್‌ಗಳ ಸದ್ದಿನಲ್ಲಿ ಮುಳುಗಿರುವ ನಮ್ಮ ರಸ್ತೆಯಲ್ಲಿ ಆ ಏಪ್ರಿಲ್‌ನಲ್ಲಿ ಎರಡು ಕಟ್ಟಡ ಆಚೆಯ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದು ಕೇಳಿಸುತ್ತಿತ್ತು.

ನಾವು ಏಪ್ರಿಲ್ ತಿಂಗಳಿಗೆ ಎಲ್ಲರಿಗೂ ಅರ್ಧ ಕೂಲಿ ಕೊಟ್ಟೆವು. ಮೇ ತಿಂಗಳಿಗೆ ಕೊಡುವ ಶಕ್ತಿ ಇರಲಿಲ್ಲ. ಮೇ ಮೊದಲ ವಾರ ಸರ್ಕಾರ ಊರಿಗೆ ಹೋಗುವವರಿಗೆಂದು ಉಚಿತವಾಗಿ ಬಿಟ್ಟ ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ನಮ್ಮ ಒಂಬತ್ತು ಜನ ಹೊರಟುಹೋದರು. ಉಳಿದವರಲ್ಲಿ ಬಿಹಾರ, ಒಡಿಶಾದ ಐವರು ತಿಂಗಳ ಕೊನೆಯ ಹೊತ್ತಿಗೆ ಶ್ರಮಿಕ ರೈಲು ಹಿಡಿದರು. ಆ ದಿನಗಳಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ಸದಸ್ಯರಿಗೆ ಮೂರು ತಿಂಗಳ ವೇತನ ಅಥವಾ ಖಾತೆಯ ಶೇ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮುಂಗಡವಾಗಿ ತೆಗೆದುಕೊಳ್ಳಲು ಅವಕಾಶ ಕೊಟ್ಟಿತ್ತು. ದೊಡ್ಡ ಕಾರ್ಖಾನೆಗಳಲ್ಲಿ ಇದ್ದವರು ಆ ಹಣದಲ್ಲಿ ಬಾಡಿಗೆ ಕಟ್ಟಿಕೊಂಡು ಲಗ್ಗೆರೆ, ಚೊಕ್ಕಸಂದ್ರಗಳ ಮನೆಗಳಲ್ಲೇ ಉಳಿದರು. ನಮ್ಮವರ ಹೆಸರಿನಲ್ಲಿ ಅಂಥ ಖಾತೆಯೇ ಇರಲಿಲ್ಲ. 20ಕ್ಕಿಂತ ಕಡಿಮೆ ಜನರಿರುವ ಘಟಕಕ್ಕೆ ಭವಿಷ್ಯನಿಧಿ ಕಡ್ಡಾಯವಲ್ಲ, ನಾವು ಕಾನೂನನ್ನು ಮೀರಿರಲಿಲ್ಲ. ಆದರೆ ಕಾನೂನು ಕೇಳದಿದ್ದುದನ್ನು ನಾವಾಗಿ ಮಾಡಿಯೂ ಇರಲಿಲ್ಲ ಎಂಬುದು ಆ ಬಸ್ಸುಗಳು ಹೊರಟ ಮೇಲೆ ನಮಗೆ ಸರಿಯಾಗಿ ಅರ್ಥವಾಯಿತು.

ಚೇತರಿಕೆ ನಾವು ಅಂದುಕೊಂಡದ್ದಕ್ಕಿಂತ ಬೇಗ ಬಂತು. 2020ರ ದಸರಾ ಹೊತ್ತಿಗೆ ನಿಮ್ಮಲ್ಲಿ ಹಲವರಿಂದ ಪಿಒಗಳು (ಖರೀದಿ ಆದೇಶಗಳು) ಬರತೊಡಗಿದ್ದವು. ಮೇ ತಿಂಗಳಲ್ಲಿ ಕೇಂದ್ರ ಘೋಷಿಸಿದ್ದ ತುರ್ತು ಸಾಲ ಖಾತರಿ ಯೋಜನೆಯಡಿ, ಬಾಕಿಯಿದ್ದ ಸಾಲದ ಶೇ 20ರಷ್ಟು ಮೊತ್ತವನ್ನು ಬೇರೆ ಅಡಮಾನ ಕೇಳದೆ ಬ್ಯಾಂಕು ಕೊಟ್ಟದ್ದರಿಂದ ನಾವು ಬಾಡಿಗೆ, ಕರೆಂಟು ಬಿಲ್ಲು ತೀರಿಸಿ ಮತ್ತೆ ಶಟರ್ ಎತ್ತಲು ಸಾಧ್ಯವಾಯಿತು. 2021ರ ಏಪ್ರಿಲ್ ಕೊನೆಯಲ್ಲಿ ಎರಡನೇ ಅಲೆ ಬಂದು, ಕೈಗಾರಿಕೆಗೆ ಹೋಗುತ್ತಿದ್ದ ಆಕ್ಸಿಜನ್ ಸಿಲಿಂಡರುಗಳೆಲ್ಲ ಆಸ್ಪತ್ರೆಗಳಿಗೆ ತಿರುಗಿದಾಗ (ತಿರುಗಬೇಕಾದದ್ದೂ ಹೌದು) ಗ್ಯಾಸ್ ಕಟಿಂಗ್ ಆಗದೆ ನಮಗೆ ಬರಬೇಕಾದ ಕಚ್ಚಾ ತುಂಡುಗಳು ನಿಂತುಹೋದವು. ಆದರೂ ಆ ವರ್ಷದ ಕೊನೆಗೆ ನಮ್ಮ ಆರ್ಡರ್ ಪುಸ್ತಕ 2019ರಲ್ಲಿ ಇದ್ದಷ್ಟೇ ತುಂಬಿತ್ತು. ಪುಸ್ತಕ ನೋಡಿದವರು ನಾವು ಪೂರ್ತಿ ಚೇತರಿಸಿಕೊಂಡಿದ್ದೇವೆ ಎನ್ನುತ್ತಿದ್ದರು. ಊರಿಗೆ ಹೋದ ಹದಿನಾಲ್ಕು ಜನರಲ್ಲಿ ಮರಳಿ ಬಂದವರು ಮಾತ್ರ ಐದೇ ಜನ.

ಹೋದವರಲ್ಲಿ ನಮ್ಮ ಹಿರಿಯ ಟರ್ನರ್ ಒಬ್ಬರು. ರಾಣೆಬೆನ್ನೂರು ಕಡೆಯವರು. ನಮ್ಮ ಹಳೆಯ ಎಚ್‌ಎಂಟಿ ಲೇತಿನ ಮುಂದೆ ಹತ್ತೊಂಬತ್ತು ವರ್ಷ ನಿಂತವರು. ನಿಮ್ಮಲ್ಲಿ ಅನೇಕರಿಗೆ ನಾವು ಮಾಡಿಕೊಡುವ 25 ಮಿಲಿಮೀಟರ್ ಬೋರಿನ (ನಡುವಿನ ತೂತಿನ) ಬುಷ್, ಅಂದರೆ ಶಾಫ್ಟ್ ಕೂರುವ ಲೋಹದ ಗಿಡ್ಡ ಕೊಳವೆ, ಗೊತ್ತಿದೆ. ಡ್ರಾಯಿಂಗಿನಲ್ಲಿ ಅದರ ಪಕ್ಕದಲ್ಲಿ ಎಚ್7 ಎಂದಿರುತ್ತದೆ, ಅಂದರೆ ಬೋರು 25 ಮಿಲಿಮೀಟರಿಗಿಂತ ಕಿರಿದಾಗಕೂಡದು, 21 ಮೈಕ್ರಾನಿಗಿಂತ ಹೆಚ್ಚು ಹಿಗ್ಗಲೂ ಕೂಡದು. ತಲೆಗೂದಲಿನ ದಪ್ಪದ ಮೂರನೇ ಒಂದು ಪಾಲಿನ ಆಸುಪಾಸಿನ ಜಾಗ ಅದು. ಅವರು ಬೋರಿಂಗ್ ಮಾಡುವಾಗ ಸುರುಳಿ ಸುರುಳಿಯಾಗಿ ಬರುವ ಲೋಹದ ಚೂರಿನ ಬಣ್ಣ ಹುಲ್ಲುಹಳದಿಯಿಂದ ನೀಲಿಗೆ ತಿರುಗಿತೆಂದರೆ ಮೈಕ್ರೋಮೀಟರಿಗೆ ಕೈ ಹಾಕುವ ಮೊದಲೇ ಸ್ಪೀಡು ಇಳಿಸುತ್ತಿದ್ದರು, ಟೂಲಿನ ತುದಿ ಸವೆದದ್ದನ್ನು ಸದ್ದಿನಲ್ಲೇ ಹಿಡಿಯುತ್ತಿದ್ದರು, ಕೊನೆಯ ಕಟ್‌ಗೆ ಮುನ್ನ ಬುಷ್ ತಣ್ಣಗಾಗಲೆಂದು ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಬಿಸಿಯಿದ್ದಾಗ ಅಳತೆಗೆ ಸರಿಯಾಗಿ ಕೂತ ಬೋರು ತಣಿದ ಮೇಲೆ ಕಿರಿದಾಗುತ್ತದೆ ಎಂಬುದನ್ನು ಹೊಸಬರಿಗೆ ಎಷ್ಟು ಸಲ ಹೇಳಿದರೂ, ಒಮ್ಮೆ ಕೈಯಾರೆ ಕೆಡಿಸಿದ ಮೇಲಷ್ಟೇ ಅದು ತಲೆಗೆ ಹೋಗುತ್ತದೆ.

ಕಳೆದ ವರ್ಷ ಹಾಗೆ ಕೆಟ್ಟದ್ದು ನಿಮ್ಮಲ್ಲೇ ಒಬ್ಬರ ಮಾಲು. ಇನ್ನೂರು ಬುಷ್‌ಗಳಲ್ಲಿ ನಲವತ್ತಕ್ಕೆ ಪ್ಲಗ್ ಗೇಜ್ (ಬೋರಿನ ಅಳತೆ ನೋಡುವ ಸಾಧನ) ಒಳಗೆ ಹೋಗದೆ ಎಲ್ಲವೂ ವಾಪಸು ಬಂದವು. ಏಳು ದಿನದ ಗಡುವು ಹಿಡಿಯಬೇಕೆಂದು, ಕೆಲಸಕ್ಕೆ ಸೇರಿ ನಾಲ್ಕು ತಿಂಗಳೂ ಆಗದ ಹುಡುಗನನ್ನು ಭಾನುವಾರದ ಪಾಳಿಯಲ್ಲಿ ಒಬ್ಬನೇ ನಿಲ್ಲಿಸಿದವರು ನಾವು. ತಪ್ಪು ಆ ಹುಡುಗನದಲ್ಲ, ನಮ್ಮದು. ಆ ಗ್ರಾಹಕರಲ್ಲಿ ಆಗಲೇ ಕ್ಷಮೆ ಕೇಳಿ ಮಾಲನ್ನು ನಮ್ಮ ಖರ್ಚಿನಲ್ಲಿ ಮತ್ತೆ ಮಾಡಿಕೊಟ್ಟಿದ್ದೇವೆ, ಇಲ್ಲಿ ಇನ್ನೊಮ್ಮೆ ಕ್ಷಮೆ ಕೇಳುತ್ತೇವೆ. ಭಾನುವಾರದ ಪಾಳಿ ನಿಲ್ಲಿಸಬೇಕೆಂಬ ತೀರ್ಮಾನ ಅಂದೇ ಆಗಿತ್ತು.

ಹೊರಗಿನ ಅಂಕಿಗಳನ್ನು ನೋಡಿದರೆ ಉದ್ಯೋಗ ಮರಳಿದೆ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ದೇಶದ ನಗರಗಳ ನಿರುದ್ಯೋಗ 2020ರ ಏಪ್ರಿಲ್–ಜೂನ್‌ನಲ್ಲಿ ಶೇ 20 ದಾಟಿದ್ದುದು 2024ರ ಕೊನೆಯ ಮೂರು ತಿಂಗಳಲ್ಲಿ ಶೇ 6.4ಕ್ಕೆ ಇಳಿದಿದೆ. ಇದು ಸಣ್ಣ ಮಾತಲ್ಲ, ನಮ್ಮ ರಸ್ತೆಯಲ್ಲೂ ‘ಫಿಟ್ಟರ್ ಬೇಕಾಗಿದ್ದಾರೆ’, ‘ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ’ ಎಂಬ ಬೋರ್ಡುಗಳಿಲ್ಲದ ಗೇಟು ಈಗ ಅಪರೂಪ. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಾಲಿದೆ. ದೇಶದಲ್ಲಿ ದುಡಿಯುವವರ ಪೈಕಿ ಬೇಸಾಯದಲ್ಲಿರುವವರ ಪಾಲು 2018–19ರಲ್ಲಿ ಶೇ 42.5 ಇದ್ದುದು 2020–21ರಲ್ಲಿ ಶೇ 46.5ಕ್ಕೆ ಏರಿತು, 2023–24ರಲ್ಲೂ ಶೇ 46.1ರಲ್ಲೇ ಇತ್ತು. ಮೊದಲಾದರೆ ಜನ ಹೊಲ ಬಿಟ್ಟು ಕಾರ್ಖಾನೆ, ಅಂಗಡಿಗಳ ಕಡೆ ಬರುತ್ತಿದ್ದರು. ಆ ಒಂದೆರಡು ವರ್ಷದಲ್ಲಿ ಹರಿವು ಹಿಂದಕ್ಕೆ ತಿರುಗಿತು, ತಿರುಗಿದ್ದು ಇನ್ನೂ ಪೂರ್ತಿ ನೆಟ್ಟಗಾಗಿಲ್ಲ. ರಾಣೆಬೆನ್ನೂರಿನ ನಮ್ಮ ಟರ್ನರ್ ನಿರುದ್ಯೋಗಿಯೆಂದು ಯಾವ ಲೆಕ್ಕದಲ್ಲೂ ಬರುವುದಿಲ್ಲ, ಅವರು ಎರಡು ಎಕರೆಯಲ್ಲಿ ಗೋವಿನಜೋಳ ಬೆಳೆಯುತ್ತಿದ್ದಾರೆ. ಹತ್ತೊಂಬತ್ತು ವರ್ಷದ ಆ ಕೈಗೆಲಸ ಮಾತ್ರ ಯಾರ ಉಪಯೋಗಕ್ಕೂ ಬಾರದೆ ಕೂತಿದೆ.

2022ರಲ್ಲಿ ನಾವು ಅವರಿಗೆ ಫೋನ್ ಮಾಡಿ, ಕೂಲಿ ಹೆಚ್ಚು ಕೊಡುತ್ತೇವೆ, ಬನ್ನಿ ಎಂದು ಕರೆದೆವು. ಅವರು ಹೇಳಿದ್ದು ಇಷ್ಟೇ: “ಕೂಲಿ ಹೆಚ್ಚು ಕೊಡ್ತೀರಿ, ಖರೆ ಐತ್ರಿ ಸಾಹೇಬ್ರ. ಇಲ್ಲಿ ದುಡ್ಡು ಕಡಿಮಿ, ಆದ್ರ ಮನಿ ಬಾಡಗಿ ಇಲ್ಲ. ನಾಳೆ ಮತ್ತ ಹಂಗ ಆದ್ರ ಅಲ್ಲಿ ನಮ್ಮನ್ನ ಕೇಳೋರು ಯಾರು ಹೇಳ್ರಿ?” ಆ ಪ್ರಶ್ನೆಗೆ ಅಂದು ನಮ್ಮ ಹತ್ತಿರ ಉತ್ತರವಿರಲಿಲ್ಲ. ತುರ್ತು ಸಾಲದ ಕಂತುಗಳು ಆಗಷ್ಟೇ ಶುರುವಾಗಿದ್ದವು, ಮುಂದಿನ ತಿಂಗಳ ಕರೆಂಟು ಬಿಲ್ಲಿನ ಆಚೆಗೆ ಯೋಚಿಸುವ ಸ್ಥಿತಿಯಲ್ಲಿ ನಾವಿರಲಿಲ್ಲ. ಕಳೆದ ವರ್ಷ ಕೊನೆಯ ಕಂತು ಕಟ್ಟಿದೆವು. ಈ ಬದಲಾವಣೆಯನ್ನು ಮೊದಲೇ ಮಾಡದೆ ಈಗ ಮಾಡುತ್ತಿರುವುದೇಕೆಂದು ನೀವು ಕೇಳಿದರೆ, ಇದೇ ಉತ್ತರ.

ಶೇ 7 ಎಂಬುದು ಹೇಗೆ ಬಂತೆಂದು ನಿಮಗೆ ತಿಳಿದಿರಬೇಕು. ಜಾಬ್ ವರ್ಕ್‌ನಲ್ಲಿ ಕಬ್ಬಿಣ ನಿಮ್ಮದು, ಆದ್ದರಿಂದ ನಮ್ಮ ನೂರು ರೂಪಾಯಿ ಬಿಲ್ಲಿನಲ್ಲಿ ಸುಮಾರು ನಲವತ್ತು ರೂಪಾಯಿ ಕೂಲಿಯೇ ಇರುತ್ತದೆ. ಉಳಿದದ್ದು ಬಾಡಿಗೆ, ವಿದ್ಯುತ್ತು, ಇನ್ಸರ್ಟ್‌ಗಳು (ಸವೆದಾಗ ಬದಲಿಸುವ ಟೂಲಿನ ತುದಿಗಳು), ಯಂತ್ರಗಳ ರಿಪೇರಿ. ಭವಿಷ್ಯನಿಧಿಗೆ ಮಾಲೀಕರ ಕಡೆಯಿಂದ ನಾವು ಕಟ್ಟುವ ಶೇ 12, ವಿಮೆ ಮತ್ತು ಆಡಳಿತ ಶುಲ್ಕವೆಂದು ಇನ್ನೊಂದು ಶೇಕಡಾ ಸೇರಿ, ನಲವತ್ತು ರೂಪಾಯಿಯ ಮೇಲೆ 5 ರೂಪಾಯಿ 20 ಪೈಸೆ ಆಗುತ್ತದೆ. ಇದುವರೆಗೆ ಮಾಲು ಬಾರದ ದಿನ, ಕರೆಂಟು ಹೋದ ದಿನ ಕೆಲಸಗಾರನಿಗೆ ಕೂಲಿ ಇರಲಿಲ್ಲ. ತಿಂಗಳ ಸಂಬಳವೆಂದ ಮೇಲೆ ಅಂಥ ದಿನಗಳ ಖರ್ಚು ನಮ್ಮದು. ವರ್ಷಕ್ಕೆ ಹದಿಮೂರು ಹದಿನಾಲ್ಕು ದಿನ ಹಿಡಿದರೆ ಅದು 1 ರೂಪಾಯಿ 80 ಪೈಸೆ. ಎರಡೂ ಕೂಡಿ ಏಳು ರೂಪಾಯಿ. ಇದರಲ್ಲಿ ನಮ್ಮ ಲಾಭವೆಂದು ಒಂದು ಪೈಸೆಯನ್ನೂ ಸೇರಿಸಿಲ್ಲ.

ಕಡ್ಡಾಯವಿಲ್ಲದ ಘಟಕ ಭವಿಷ್ಯನಿಧಿಗೆ ಸ್ವಇಚ್ಛೆಯಿಂದ ಸೇರಬೇಕಾದರೆ ಕೆಲಸಗಾರರ ಬಹುಮತದ ಒಪ್ಪಿಗೆಯೂ ಬೇಕು. ಈಗ ನಮ್ಮಲ್ಲಿರುವ ಹದಿನೈದು ಜನರಲ್ಲಿ ಮೂವರು ಚಿಕ್ಕ ವಯಸ್ಸಿನವರು, ತಮ್ಮ ಸಂಬಳದಿಂದಲೂ ಶೇ 12 ಕಡಿತವಾಗುತ್ತದೆಂದು ಮೊದಲು ಒಪ್ಪಲಿಲ್ಲ. 2020ರ ಮೇ ತಿಂಗಳನ್ನು ಇಲ್ಲೇ ಕಳೆದ ಗ್ರೈಂಡರ್ ಒಬ್ಬರು ಊಟದ ಹೊತ್ತಿನಲ್ಲಿ ಅವರನ್ನು ಕೂರಿಸಿಕೊಂಡು ಮಾತಾಡಿದ ಮೇಲೆ ಸಹಿ ಹಾಕಿದರು.

ಹತ್ತು ದಿನಗಳ ಅವಧಿಗೆ ಭಾನುವಾರದ ರಜೆಯ ಜೊತೆಗೆ ಇನ್ನೊಂದು ಕಾರಣವಿದೆ. ಐಟಿಐ ಮುಗಿಸಿದ ಇಬ್ಬರು ಹುಡುಗರನ್ನೂ ಒಬ್ಬ ಹುಡುಗಿಯನ್ನೂ ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತಿದ್ದೇವೆ. ಅವರು ಮಾಡಿದ ಪ್ರತಿ ತುಂಡನ್ನೂ ಮೊದಲ ಆರು ತಿಂಗಳು ಇಬ್ಬರು ಅಳೆದು ನೋಡಿದ ಮೇಲೆಯೇ ನಿಮಗೆ ಕಳಿಸಲಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಒಂದು ಕಾಲಕ್ಕೆ ಈ ಊರಿನ ಸಣ್ಣ ಘಟಕಗಳಿಗೆ ಕೈಪಳಗಿದ ಟರ್ನರುಗಳು ಎಚ್‌ಎಂಟಿಯಂಥ ಕಾರ್ಖಾನೆಗಳಲ್ಲಿ ತಯಾರಾಗಿ ಬರುತ್ತಿದ್ದರು. ನಮ್ಮ ಘಟಕವನ್ನು ಆರಂಭಿಸಿದವರೂ ಅಲ್ಲೇ ಕಲಿತು ಬಂದವರು. ಬೇರೆಯವರು ಕಲಿಸಿದವರನ್ನು ನಾವು ಇಷ್ಟು ವರ್ಷ ಬಳಸಿಕೊಂಡೆವು. ಆ ಬಾವಿ ಬತ್ತಿದೆ, ಇನ್ನು ನಮ್ಮಂಥವರೇ ಕಲಿಸದಿದ್ದರೆ ಐದು ವರ್ಷದಲ್ಲಿ ಪೀಣ್ಯದಲ್ಲಿ ಯಂತ್ರಗಳಿರುತ್ತವೆ, ಅವುಗಳ ಮುಂದೆ ನಿಲ್ಲುವವರು ಇರುವುದಿಲ್ಲ.

ನಮ್ಮದಕ್ಕಿಂತ ಕಡಿಮೆ ದರಕ್ಕೆ ಇದೇ ಕೆಲಸ ಪಕ್ಕದ ರಸ್ತೆಯಲ್ಲಿ ಸಿಗುತ್ತದೆಂದು ನಮಗೆ ಗೊತ್ತು. ನಿಮ್ಮ ಮೇಲೂ ದರ ಇಳಿಸುವ ಒತ್ತಡವಿದೆ, ಅದೂ ಗೊತ್ತು. ಶೇ 7 ಪೂರ್ತಿ ಭರಿಸಲು ಆಗದ ಗ್ರಾಹಕರಿಗೆ ನಮ್ಮದೊಂದು ಕೋರಿಕೆ: ದರದ ಬದಲು ಪಾವತಿಯಲ್ಲಿ ನೆರವಾಗಿ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿಯಿರುವ ನಮ್ಮಂಥ ಸೂಕ್ಷ್ಮ ಘಟಕಗಳಿಗೆ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆ ಹೇಳುತ್ತದೆ. ತಡವಾದ ಮೊತ್ತವನ್ನು ಪಾವತಿಸುವವರೆಗೆ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸಲಾಗದ ನಿಯಮವೂ 2024ರ ಏಪ್ರಿಲ್‌ನಿಂದ ಬಂದಿದೆ. ಕಾಯ್ದೆಯನ್ನು ಮುಂದಿಟ್ಟು ನಿಮ್ಮೊಡನೆ ಮಾತಾಡುವ ಇಚ್ಛೆ ನಮಗಿಲ್ಲ. ಆದರೆ ಇಂದು ನಮ್ಮ ಬಿಲ್ಲುಗಳಿಗೆ ಸರಾಸರಿ ಎಪ್ಪತ್ತು ದಿನಕ್ಕೆ ಹಣ ಬರುತ್ತಿದ್ದು, ನಡುವಿನ ದಿನಗಳಿಗೆ ನಾವು ಓವರ್‌ಡ್ರಾಫ್ಟ್‌ನ ಬಡ್ಡಿ ಕಟ್ಟುತ್ತಿದ್ದೇವೆ. 45 ದಿನಗಳೊಳಗೆ ಪಾವತಿಸುವವರಿಗೆ ಹೆಚ್ಚಳವನ್ನು ಶೇ 7ರ ಬದಲು ಶೇ 5ಕ್ಕೆ ಇಳಿಸಲು ನಾವು ಸಿದ್ಧರಿದ್ದೇವೆ.

ಮಾರ್ಚ್ 31ರೊಳಗೆ ನಮಗೆ ತಲುಪಿದ ಪಿಒಗಳಿಗೆ ಹಳೆಯ ದರವೇ ಅನ್ವಯ, ಡೆಲಿವರಿ ಏಪ್ರಿಲ್‌ಗೆ ಹೋದರೂ ಅದು ಬದಲಾಗುವುದಿಲ್ಲ. ಯಂತ್ರ ಕೆಟ್ಟು ಲೈನ್ ನಿಂತಿರುವಂಥ ತುರ್ತು ಕೆಲಸವನ್ನು ಮೊದಲಿನಂತೆಯೇ ಮೂರು ದಿನದಲ್ಲಿ ಮಾಡಿಕೊಡುತ್ತೇವೆ, ಅದಕ್ಕೆ ಹೆಚ್ಚಿನ ಶುಲ್ಕವಿಲ್ಲ. ಹೊಸ ದರಪಟ್ಟಿ ಈ ಪತ್ರದ ಜೊತೆಗಿದೆ. ಲೆಕ್ಕದಲ್ಲಿ ಏನಾದರೂ ಸಂಶಯವಿದ್ದರೆ ಯಾವುದೇ ಶನಿವಾರ ಮಧ್ಯಾಹ್ನ ಘಟಕಕ್ಕೆ ಬನ್ನಿ, ಕೂಲಿಯ ಪುಸ್ತಕವನ್ನು ನಿಮ್ಮ ಮುಂದೆ ತೆರೆದಿಡುತ್ತೇವೆ.

ರಾಣೆಬೆನ್ನೂರಿಗೆ ಕಳೆದ ವಾರ ಇನ್ನೊಮ್ಮೆ ಫೋನ್ ಮಾಡಿ ಈ ಬದಲಾವಣೆಯನ್ನು ತಿಳಿಸಿದ್ದೇವೆ. ಯುಗಾದಿ ಮುಗಿಯಲಿ, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿಗಳು,
ಘಟಕದ ಪಾಲುದಾರರು