ಒಳಗಿನ ದೇವರು ಮತ್ತು ಉಬ್ಬುವ ‘ನಾನು’

ಮಾನ್ಯ ಸಂಪಾದಕರೇ,

ದೇವರು ಹೊರಗಿದ್ದಾನೆಯೇ ಒಳಗಿದ್ದಾನೆಯೇ ಎಂಬ ಬಗ್ಗೆ ಕೆಲವು ವಾರಗಳಿಂದ ನಿಮ್ಮ ಪತ್ರಿಕೆಯಲ್ಲಿ ಬರುತ್ತಿರುವ ಓದುಗರ ಪತ್ರಗಳನ್ನು ತಪ್ಪದೆ ಓದುತ್ತಿದ್ದೇನೆ. ದೇವರೆಂಬುದು ಮನುಷ್ಯನೇ ಕಟ್ಟಿಕೊಂಡ ಕಲ್ಪನೆ ಎನ್ನುವವರೂ, ಮನುಷ್ಯನ ಅಳವಿಗೆ ಸಿಗದೆ ಮೇಲೆಲ್ಲೋ ಇರುವ ಒಡೆಯ ಎನ್ನುವವರೂ, ಇವರಿಬ್ಬರ ನಡುವೆ ನಿಂತು ‘ನಿನ್ನೊಳಗೇ ದೇವರಿದ್ದಾನೆ’ ಎಂದು ಸಮಾಧಾನ ಹೇಳುವವರೂ ಒಂದು ಮಾತನ್ನು ವಿಚಾರಿಸದೆಯೇ ಒಪ್ಪಿಕೊಂಡಂತೆ ಕಾಣುತ್ತದೆ. ‘ದೇವರು’ ಎಂಬ ಪದ ಮಾತ್ರ ಕಠಿಣವಾದದ್ದು, ‘ನಾನು’ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬುದೇ ಆ ಮಾತು. ನನ್ನ ತಕರಾರು ಇರುವುದು ಅಲ್ಲಿಯೇ.

ಮೂರನೆಯ ಗುಂಪಿನವರ ಮಾತು ಈಗ ಎಲ್ಲೆಡೆ ಚಲಾವಣೆಯಲ್ಲಿದೆ. ಪರೀಕ್ಷೆಗೆ ಕೂರುವವರಿಗೆ, ವ್ಯಾಪಾರದಲ್ಲಿ ಸೋತವರಿಗೆ, ನೌಕರರ ತರಬೇತಿ ಶಿಬಿರಗಳಲ್ಲಿ ಕುಳಿತವರಿಗೆ ‘ನೀನೇ ದೇವರು, ನಿನ್ನಿಂದ ಆಗದ್ದು ಯಾವುದೂ ಇಲ್ಲ’ ಎಂದು ಹೇಳಲಾಗುತ್ತಿದೆ. ಕುಗ್ಗಿದವನನ್ನು ಎತ್ತಿ ನಿಲ್ಲಿಸುವ ಮಾತು ಕೆಟ್ಟದ್ದೇನೂ ಅಲ್ಲ. ಆದರೆ ಅದಕ್ಕೆ ಅನುಭಾವಿಗಳ ಸಾಕ್ಷಿ ಹಾಕಿಸುವಾಗ ಅವರು ಆ ಮಾತನ್ನು ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದನ್ನಾದರೂ ನೋಡಬೇಕು.

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯವನ್ನೇ ತೆಗೆದುಕೊಳ್ಳಿ. ಶ್ವೇತಕೇತು 12ನೇ ವಯಸ್ಸಿಗೆ ಗುರುವಿನ ಬಳಿಗೆ ಹೋಗಿ, 24ಕ್ಕೆ ಎಲ್ಲ ವೇದಗಳನ್ನೂ ಓದಿ ಮರಳುತ್ತಾನೆ. ಮರಳುವಾಗ ತನ್ನನ್ನು ದೊಡ್ಡವನೆಂದೂ ಬಲ್ಲವನೆಂದೂ ಭಾವಿಸಿ ಸೆಟೆದುಕೊಂಡಿದ್ದ ಎಂದು ಉಪನಿಷತ್ತು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ‘ಅದು ನೀನೇ’ ಎಂಬ ವಾಕ್ಯವನ್ನು ತಂದೆ ಉದ್ದಾಲಕ ಒಂಬತ್ತು ಸಲ ಹೇಳಿದ್ದು ಈ ಸೆಟೆದ ಹುಡುಗನಿಗೆ. ಒಂದು ಸಲ ನೀರಿನಲ್ಲಿ ಉಪ್ಪು ಹಾಕಿಸಿ, ಮರುದಿನ ಬೆಳಿಗ್ಗೆ ‘ನಿನ್ನೆ ಹಾಕಿದ ಉಪ್ಪನ್ನು ತಾ’ ಎನ್ನುತ್ತಾನೆ. ಹುಡುಗ ತಡಕುತ್ತಾನೆ, ಸಿಗುವುದಿಲ್ಲ. ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಗುಟುಕು ಕುಡಿಸಿದರೆ ಎಲ್ಲ ಕಡೆಯೂ ಉಪ್ಪೇ. ಇಲ್ಲಿ ಗಮನಿಸಬೇಕಾದದ್ದು, ಕರಗುವ ತನಕ ಉಪ್ಪು ನೀರಿಗೆ ಸೇರುವುದಿಲ್ಲ ಎಂಬುದನ್ನು. ಹರಳು ಹರಳಾಗಿಯೇ ಉಳಿದಿದ್ದರೆ ಕೈಗೆ ಸಿಗುತ್ತಿತ್ತು, ಆದರೆ ನೀರಿಗೆ ರುಚಿ ಬರುತ್ತಿರಲಿಲ್ಲ. ಸೆಟೆದವನ ಸೆಟೆತವನ್ನು ಇಳಿಸಲೆಂದು ಹೇಳಿದ ಮಾತನ್ನು ನಾವು ಸೆಟೆತವನ್ನು ಏರಿಸಲು ಬಳಸುತ್ತಿದ್ದೇವೆ.

ಬೇರೆ ಕಾಲದಲ್ಲಿ, ಬೇರೆ ಭಾಷೆಗಳಲ್ಲಿ ಇದೇ ಮಾತನ್ನಾಡಿದವರೂ ಹೀಗೆಯೇ ಅಪಾರ್ಥಕ್ಕೆ ಗುರಿಯಾದರು. ‘ನಾನೇ ಸತ್ಯ’ (ಇಸ್ಲಾಮಿನಲ್ಲಿ ‘ಸತ್ಯ’ ಎಂಬುದು ದೇವರ ಹೆಸರೂ ಹೌದು) ಎಂದ ಸೂಫಿ ಸಂತ ಮನ್ಸೂರ್ ಅಲ್-ಹಲ್ಲಾಜ್‌ನನ್ನು 922ರಲ್ಲಿ ಬಾಗ್ದಾದ್‌ನಲ್ಲಿ ಕೊಲ್ಲಲಾಯಿತು. ಆ ಮಾತಿನಲ್ಲಿ ಜನ ಕಂಡದ್ದು ಸೊಕ್ಕನ್ನು. ಮೂರು ಶತಮಾನ ಕಳೆದ ಮೇಲೆ ಸೂಫಿ ಕವಿ ರೂಮಿ ಅದಕ್ಕೆ ಕೊಟ್ಟ ವಿವರಣೆ ಬೇರೆಯೇ ಇತ್ತು. ‘ನಾನು ದೇವರ ದಾಸ’ ಎನ್ನುವವನು ದೇವರೊಂದು, ತಾನೊಂದು ಎಂದು ಎರಡು ಇರವುಗಳನ್ನು ನಿಲ್ಲಿಸುತ್ತಾನೆ. ‘ನಾನೇ ಸತ್ಯ’ ಎಂದವನು ತನ್ನನ್ನು ಇಲ್ಲವಾಗಿಸಿಕೊಂಡಿದ್ದಾನೆ, ಆದ್ದರಿಂದ ಹೆಚ್ಚಿನ ವಿನಯ ಇರುವುದು ಎರಡನೆಯದರಲ್ಲೇ ಎಂದು ಆತ ಹೇಳುತ್ತಾನೆ. ನಮ್ಮಲ್ಲಿಯೂ ದೇಹವನ್ನೇ ದೇಗುಲವೆಂದ ಬಸವಣ್ಣನವರೇ ತಮಗಿಂತ ಕಿರಿಯರಿಲ್ಲ ಎಂದೂ ಹೇಳಿದವರು. ಎರಡೂ ಒಂದೇ ಬಾಯಿಯಿಂದ ಬಂದ ಮಾತುಗಳು. ಮೊದಲನೆಯದನ್ನು ಮಾತ್ರ ಆರಿಸಿ ಗೋಡೆಗೆ ಅಂಟಿಸಿಕೊಳ್ಳುವುದು ನಮಗೆ ಅನುಕೂಲ, ಅಷ್ಟೇ.

ವಿಚಾರವಾದಿ ಮಿತ್ರರು ಇಲ್ಲಿ 1841ರಲ್ಲಿ ಜರ್ಮನ್ ತತ್ತ್ವಜ್ಞಾನಿ ಲುಡ್ವಿಗ್ ಫಾಯರ್‌ಬಾಖ್ ಮುಂದಿಟ್ಟ ವಾದವನ್ನು ನೆನಪಿಸಬಹುದು. ಮನುಷ್ಯ ತನ್ನದೇ ಉತ್ತಮ ಗುಣಗಳನ್ನು ಆಕಾಶಕ್ಕೆ ಎಸೆದು, ಅದಕ್ಕೇ ದೇವರೆಂದು ಕೈಮುಗಿಯುತ್ತಾನೆ ಎಂಬ ಆ ವಾದದಲ್ಲಿ ಬಹಳಷ್ಟು ನಿಜವಿದೆ ಎಂದು ನಾನೂ ಒಪ್ಪುತ್ತೇನೆ. ಆದರೆ ಪ್ರೀತಿ, ನ್ಯಾಯ, ಕರುಣೆ ಇವು ಪವಿತ್ರವಲ್ಲ ಎಂದು ಆತ ಹೇಳಲಿಲ್ಲ. ಅವು ಮನುಷ್ಯನವೇ, ಅವನಿಗೇ ಮರಳಿ ಸಲ್ಲಬೇಕು ಎಂದ. ಹಾಗೆ ಮರಳಿ ಪಡೆಯುವ ‘ಮನುಷ್ಯ’ ಯಾರು ಎಂಬ ಪ್ರಶ್ನೆ ಅಲ್ಲಿಂದ ಮುಂದೆ ಏಳುತ್ತದೆ. 1739ರಲ್ಲಿ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ತನ್ನೊಳಗೆ ಇಣುಕಿ ನೋಡಿದಾಗ ಬಿಸಿ, ತಂಪು, ನೋವು, ನಲಿವು ಎಂಬ ಬಿಡಿ ಅನುಭವಗಳು ಸಿಕ್ಕವೇ ಹೊರತು ‘ನಾನು’ ಎಂಬ ಪ್ರತ್ಯೇಕ ವಸ್ತು ಸಿಗಲಿಲ್ಲ. ಬುದ್ಧನಂತೂ ಅದಕ್ಕೆ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಇದನ್ನು ಬೋಧಿಸಿದ್ದ.

ಇದನ್ನು ನಾನು ಪುಸ್ತಕದಲ್ಲಿ ಓದಿ ಒಪ್ಪಿಕೊಂಡವನಲ್ಲ. ನನ್ನ ತಾಯಿಯವರು ಕೊನೆಯ ಮೂರು ವರ್ಷಗಳನ್ನು ಮರೆವಿನ ಕಾಯಿಲೆಯಲ್ಲಿ ಕಳೆದರು. ಮೊದಲು ಹಿಂದಿನ ದಿನ ನಡೆದದ್ದು ಅಳಿಸಿಹೋಯಿತು, ಆಮೇಲೆ ನಮ್ಮ ಹೆಸರುಗಳು, ಕೊನೆಗೆ ಅವರದೇ ಹೆಸರು. ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದರೆಂಬಂತೆ ಬಾಗಿಲಿನ ಕಡೆಗೆ ನೋಡುತ್ತಿದ್ದರು. ಆದರೆ ರಾತ್ರಿ ಅವರ ಪಕ್ಕದಲ್ಲಿ ಮಲಗಿದ್ದ ನಾನು ಕೆಮ್ಮಿದರೆ, ಕತ್ತಲೆಯಲ್ಲೇ ತಮ್ಮ ಹೊದಿಕೆಯ ಅಂಚನ್ನು ತಡವಿ ಹಿಡಿದು ನನ್ನ ಮೇಲಕ್ಕೆ ಎಳೆಯುತ್ತಿದ್ದರು. ನಾನು ಯಾರೆಂಬುದು ಅವರಿಗೆ ತಿಳಿದಿರಲಿಲ್ಲ. ತಾವು ಯಾರೆಂಬುದೂ ತಿಳಿದಿರಲಿಲ್ಲ. ಹಳೆಯ ಅಭ್ಯಾಸ ಹೀಗೆ ಉಳಿದುಕೊಳ್ಳುತ್ತದೆ ಎಂದು ವೈದ್ಯರು ಹೇಳಿದರು. ಅದು ನಿಜವೇ ಇರಬೇಕು. ಇದನ್ನು ದೇವರಿದ್ದಾನೆ ಎಂಬುದಕ್ಕೆ ಪುರಾವೆಯಾಗಿ ನಾನು ಮಂಡಿಸುತ್ತಿಲ್ಲ. ‘ನಾನು’ ಎಂದು ನಾವು ಜೋಪಾನ ಮಾಡುವ ಹೆಸರು, ನೆನಪು, ಮಾನ ಮರ್ಯಾದೆ ಎಲ್ಲವೂ ಹೋದ ಮೇಲೂ ಏನೋ ಉಳಿದಿತ್ತು, ಅದು ಇನ್ನೊಬ್ಬರ ಕಡೆಗೆ ಚಾಚಿದ ಕೈಯಾಗಿತ್ತು ಎಂಬಷ್ಟನ್ನು ಮಾತ್ರ ನಾನು ಬಲ್ಲೆ.

ಆದುದರಿಂದಲೇ ಜರ್ಮನಿಯ ಕ್ರೈಸ್ತ ಅನುಭಾವಿ ಮೈಸ್ಟರ್ ಎಕ್‌ಹಾರ್ಟ್‌ನ ಒಂದು ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ಆತ್ಮದ ತಳವೂ ದೇವರ ತಳವೂ ಒಂದೇ ಎಂದು ಬೋಧಿಸಿದ ಈತನ 28 ಹೇಳಿಕೆಗಳನ್ನು, ಆತ ತೀರಿಕೊಂಡ ಮೇಲೆ 1329ರಲ್ಲಿ ಪೋಪರು ಖಂಡಿಸಿದರು. ಅಂಥವನು ತನ್ನ ಕಿರಿಯ ಸನ್ಯಾಸಿಗಳಿಗೆ, ಸಂತ ಪೌಲನಿಗೆ ಒದಗಿದಂಥ ದಿವ್ಯ ಪರವಶತೆಯಲ್ಲೇ ನೀವಿದ್ದರೂ ಒಬ್ಬ ರೋಗಿಗೆ ಸೂಪು ಬೇಕಾಗಿದೆ ಎಂದು ತಿಳಿದರೆ, ಆ ಪರವಶತೆಯನ್ನು ಬಿಟ್ಟೆದ್ದು ಅವನ ಸೇವೆಗೆ ಹೋಗುವುದೇ ಮೇಲು ಎಂದು ಹೇಳಿದ. ಮಾನವತಾವಾದಕ್ಕೂ ಅನುಭಾವಕ್ಕೂ ಆಗಿಬರುವುದಿಲ್ಲ ಎಂದು ಬರೆದಿದ್ದ ಓದುಗರೊಬ್ಬರು ಈ ಸೂಪಿನ ಬಟ್ಟಲಿನ ಬಗ್ಗೆ ಏನು ಹೇಳುತ್ತಾರೋ ಕೇಳುವ ಕುತೂಹಲ ನನಗಿದೆ.

ವಿಜ್ಞಾನ ಇದನ್ನೆಲ್ಲ ಎಂದೋ ಇತ್ಯರ್ಥ ಮಾಡಿದೆ ಎಂದು ಮತ್ತೊಬ್ಬರು ಬರೆದಿದ್ದರು. 2006ರಲ್ಲಿ ಪ್ರಕಟವಾದ ಕೆನಡಾದ ಸಂಶೋಧನೆಯೊಂದರಲ್ಲಿ ಕಾರ್ಮೆಲೈಟ್ ಎಂಬ ಕ್ರೈಸ್ತ ಪಂಥದ 15 ಮಂದಿ ಸನ್ಯಾಸಿನಿಯರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಲಾಯಿತು. ಸಿಕ್ಕಿದ್ದು ಒಂದೇ ಒಂದು ‘ದೇವರ ಬಿಂದು’ವಲ್ಲ, ಮೆದುಳಿನ ಹಲವು ಭಾಗಗಳು ಒಟ್ಟಿಗೆ ಚುರುಕಾಗಿದ್ದವು. ಅದಕ್ಕಿಂತ ನನಗೆ ಹಿಡಿಸಿದ್ದು ಬೇರೆ. ಕರೆದಾಗ ಬರುವವನಲ್ಲ ದೇವರು ಎಂದು ಆ ಸನ್ಯಾಸಿನಿಯರು ಮೊದಲೇ ಹೇಳಿಬಿಟ್ಟಿದ್ದರಿಂದ, ಹಿಂದೆಂದೋ ಆದ ಅನುಭವವನ್ನು ನೆನಪಿಸಿಕೊಳ್ಳಿ ಎಂದಷ್ಟೇ ಸಂಶೋಧಕರು ಅವರನ್ನು ಕೇಳಿಕೊಳ್ಳಬೇಕಾಯಿತು. ಒಂದು ದಿನದ ಶಿಬಿರದಲ್ಲಿ ಒಳಗಿನ ದೇವರನ್ನು ಎಬ್ಬಿಸಿ ಕೊಡುತ್ತೇವೆ ಎನ್ನುವವರಿಗೆ ಈ ಅಡಚಣೆ ಎದುರಾದಂತೆ ಕಾಣುವುದಿಲ್ಲ.

ಈ ಚರ್ಚೆಯನ್ನು ನೀವು ಇನ್ನೂ ಕೆಲವು ದಿನ ಮುಂದುವರಿಸುವುದಾದರೆ, ದೇವರ ಇರವನ್ನು ಕುರಿತ ಪತ್ರಗಳ ಜೊತೆಗೆ ‘ನಾನು’ ಎಂಬುದನ್ನು ಕುರಿತ ಪತ್ರಗಳಿಗೂ ಸ್ವಲ್ಪ ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ