‘ಸಾಲ್ಟ್‌ವಾಟರ್ ಬಜೆಟ್ ಕಿಟ್’ ಎಂದು ಮಾರಿದ ಫ್ಲೈ ಫಿಶಿಂಗ್ ಸಾಮಾನಿನ ಬಗ್ಗೆ ದೂರು

ಇಂದ:
ಫ್ಲೈ ಗಾಳದ ಹವ್ಯಾಸಿಗಳು,
ಕಾರವಾರ ಮತ್ತು ಸದಾಶಿವಗಡ, ಉತ್ತರ ಕನ್ನಡ ಜಿಲ್ಲೆ

ಗೆ:
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಗಾಳ ಸಾಮಗ್ರಿ ಮಾರಾಟ ವಿಭಾಗ

ವಿಷಯ: ತಪ್ಪು ತೂಕದ ಲೈನು, ತಪ್ಪು ದಪ್ಪದ ಟಿಪ್ಪೆಟ್, ತುಕ್ಕು ಹಿಡಿದ ರೀಲು ಮತ್ತು ಹಾನಿಕರ ನಿರ್ವಹಣಾ ಚೀಟಿ, ಬದಲಿ ಅಥವಾ ಹಣ ವಾಪಸ್ ಕೋರಿ.

ಮಾನ್ಯರೇ,

ಅಕ್ಟೋಬರ್ ಮೊದಲ ವಾರ ನಿಮ್ಮಿಂದ ಒಂದೇ ಬಗೆಯ ನಾಲ್ಕು ಕಿಟ್ ತರಿಸಿಕೊಂಡೆವು. ಡಬ್ಬದ ಮೇಲೆ ‘8 ವೇಟ್, ಸಾಲ್ಟ್‌ವಾಟರ್, ಎಲ್ಲ ಹವೆಗೂ ಸೂಕ್ತ’ ಎಂದಿದೆ. ವೇಟ್ ಎಂದರೆ ಲೈನಿನ ತೂಕದ ದರ್ಜೆ, ರಾಡನ್ನೂ ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ಅಗ್ಗದ ಸಾಮಾನು ಅಗ್ಗವಾಗಿದೆ ಎಂಬುದು ನಮ್ಮ ದೂರಲ್ಲ. ಅಗ್ಗದಲ್ಲಿ ಮುಗಿಸಬಹುದಾದ ಸಾಮಾನಿಗೆ ದುಡ್ಡು ಸುರಿದು, ದುಡ್ಡು ಹಾಕಲೇಬೇಕಾದ ಲೈನು, ರೀಲುಗಳಲ್ಲಿ ಕೈ ಬಿಗಿಹಿಡಿದಿದ್ದೀರಿ. ಅದರ ಮೇಲೆ ಸುಳ್ಳು ಚೀಟಿ ಬೇರೆ.

ಮೊದಲು ಲೈನು. ಫ್ಲೈ ಗಾಳದಲ್ಲಿ ಎಸೆಯುವುದು ಲೈನಿನ ತೂಕವನ್ನು. ಗರಿ, ಕೂದಲು ಕಟ್ಟಿದ ಕೊಕ್ಕೆಗೆ, ಅಂದರೆ ಫ್ಲೈಗೆ, ಎಸೆಯುವಷ್ಟು ತೂಕವಿಲ್ಲ. ಹಾಗಾಗಿ ಲೈನಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಅಳತೆಯಿದೆ: ತುದಿಯ ಸಮದಪ್ಪದ ಚೂರನ್ನು ಬಿಟ್ಟು ಮೊದಲ 30 ಅಡಿ, ಅಂದರೆ 9.14 ಮೀಟರ್, 8 ವೇಟ್ ಲೈನಿನಲ್ಲಿ 210 ಗ್ರೇನ್ ತೂಗಬೇಕು. 202ರಿಂದ 218ರವರೆಗೆ ಸಡಿಲಿಕೆಯಿದೆ. ನಮ್ಮ ಲೆಕ್ಕಕ್ಕೆ ತಂದರೆ 13.1ರಿಂದ 14.1 ಗ್ರಾಂ. ನಾಲ್ಕೂ ಲೈನನ್ನು ಅಳೆದು ಸುತ್ತಿ ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟಾಗ ಬಂದದ್ದು 10.3, 10.4, 10.4, 10.5 ಗ್ರಾಂ. ಇದು 6 ವೇಟ್ ಲೈನು. ನಾಲ್ಕಕ್ಕೆ ನಾಲ್ಕೂ ಹೀಗಿರುವುದರಿಂದ ಒಂದು ಸುರುಳಿ ಕೆಟ್ಟು ಬಂತು ಎನ್ನುವಂತಿಲ್ಲ. 8 ವೇಟ್ ರಾಡಿಗೆ ಇದನ್ನು ಹಾಕಿದರೆ ರಾಡು ಬಾಗುವುದೇ ಇಲ್ಲ. ಕಾಳಿ ಅಳಿವೆಯಲ್ಲಿ ಮಧ್ಯಾಹ್ನದ ಮೇಲೆ ಬೀಸುವ ಸಮುದ್ರದ ಗಾಳಿಗೆ ಎದುರಾಗಿ ಎಸೆದರೆ ಲೈನು ವಾಪಸು ಮುಖಕ್ಕೇ ಬರುತ್ತದೆ. ಹೊಸಬರು ತಮ್ಮ ಕೈಯದೇ ತಪ್ಪು ಎಂದುಕೊಂಡು ಬಿಟ್ಟುಬಿಡುತ್ತಾರೆ.

ತೂಕಕ್ಕಿಂತ ಕೆಟ್ಟದ್ದು ಲೈನಿನ ಹೊದಿಕೆ. ಫ್ಲೈ ಲೈನೆಂದರೆ ಹೆಣೆದ ಒಳದಾರದ ಮೇಲೆ ಮೆತ್ತಿದ ಪಿವಿಸಿ. ತಣ್ಣೀರಿನ ಟ್ರೌಟ್ ಮೀನಿಗೆಂದು ಮಾಡಿದ ಲೈನಿನ ಪಿವಿಸಿಯನ್ನು ಬೇಕೆಂದೇ ಮೆದುವಾಗಿ ಮಾಡಿರುತ್ತಾರೆ, ಚಳಿಯಲ್ಲಿ ಸುರುಳಿ ಕಟ್ಟಬಾರದೆಂದು. ಉಷ್ಣವಲಯದ ಲೈನಿಗೆ ಒಳದಾರವೂ ಗಡುಸು, ಹೊದಿಕೆಯೂ ಗಡುಸು. ನೀವು ಕಳಿಸಿದ್ದು ಮೊದಲನೆಯದು. ಅಕ್ಟೋಬರ್ ಬಿಸಿಲಿಗೇ ಅದು ಹಲಸಿನ ಮೇಣದ ಹಾಗೆ ರಾಡಿನ ಬಳೆಗಳಿಗೆ ಅಂಟುತ್ತದೆ. ಪರೀಕ್ಷೆ ಸುಲಭ: ಒಂದು ಮೊಳ ಲೈನನ್ನು ಅರ್ಧ ಗಂಟೆ ಬಿಸಿಲಿಗಿಟ್ಟು ಎರಡು ಬೆರಳ ನಡುವೆ ಲಂಬವಾಗಿ ಹಿಡಿಯಿರಿ. ಉಷ್ಣವಲಯದ್ದಾದರೆ ಸ್ವಲ್ಪವಾದರೂ ನೆಟ್ಟಗೆ ನಿಲ್ಲುತ್ತದೆ, ನಿಮ್ಮದು ಬೇಯಿಸಿದ ಶಾವಿಗೆಯಂತೆ ಜೋಲುತ್ತದೆ. ಫೋನಿನಲ್ಲಿ ನಿಮ್ಮ ಸಿಬ್ಬಂದಿ ‘ಬಿಸಿಲಲ್ಲಿ ಬಳಸಬೇಡಿ ಸರ್’ ಎಂದರು. ಕಾರವಾರದಲ್ಲಿ ಬಿಸಿಲು ತಪ್ಪಿಸಬೇಕೆಂದರೆ ಜೂನ್-ಜುಲೈ ಮಳೆಯಲ್ಲಿ ಹೋಗಬೇಕು. ಆಗ ಹೊಳೆಯ ನೀರು ಕೆಂಪಾಗಿ ಫ್ಲೈ ಯಾವ ಮೀನಿಗೂ ಕಾಣುವುದಿಲ್ಲ.

ಎರಡನೆಯದು ಟಿಪ್ಪೆಟ್, ಅಂದರೆ ಲೈನಿಗೂ ಫ್ಲೈಗೂ ನಡುವಿನ ದಾರವಾದ ಲೀಡರಿನ ತುದಿಗೆ ಕಟ್ಟುವ ತೆಳು ದಾರ. ಇದರ ನಂಬರಿನ ಲೆಕ್ಕ ಯಾರಿಗೂ ಬಾಯಿಪಾಠವಾಗಬಲ್ಲದು: 11ರಿಂದ ಎಕ್ಸ್ ನಂಬರನ್ನು ಕಳೆದರೆ ಉಳಿಯುವುದು ಇಂಚಿನ ಸಾವಿರದ ಒಂದು ಭಾಗದಲ್ಲಿ ದಪ್ಪ. 4ಎಕ್ಸ್ ಎಂದರೆ 0.007 ಇಂಚು, ಹತ್ತಿರ ಹತ್ತಿರ 0.18 ಮಿ.ಮೀ. ನಿಮ್ಮ 4ಎಕ್ಸ್ ಸುರುಳಿಯನ್ನು ಲೇತ್ ಅಂಗಡಿಯ ಮೈಕ್ರೋಮೀಟರಿನಲ್ಲಿ ಮೂರು ಕಡೆ ಅಳೆದಾಗ 0.20, 0.22, 0.24 ಬಂತು. ಒಂದೇ ಸುರುಳಿಯಲ್ಲಿ ಇಷ್ಟು ಏರಿಳಿತವಿದ್ದರೆ ಚೀಟಿಯ ಮೇಲಿನ ಪೌಂಡ್ ಲೆಕ್ಕಕ್ಕೆ (ಎಷ್ಟು ಭಾರಕ್ಕೆ ದಾರ ಹರಿಯುತ್ತದೆ ಎಂಬುದಕ್ಕೆ) ಅರ್ಥವಿಲ್ಲ, ತೆಳುವಾದ ಜಾಗದಲ್ಲೇ ಅದು ಹರಿಯುತ್ತದೆ.

ಅಸಲಿಗೆ 4, 5, 6ಎಕ್ಸ್ ಸುರುಳಿಗಳು ಉಪ್ಪುನೀರಿನ ಕಿಟ್ಟಿನಲ್ಲಿ ಯಾಕಿವೆ? ಇಲ್ಲಿ ಹಿಡಿಯುವುದು ಚೊಣಕ. ಅದರ ಬಾಯಿಯ ಒಳಗೆ ಅರದಂಥ ದೊರಗು, ಕಿವಿರುಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. 6ಎಕ್ಸ್ ದಾರ ಒಂದು ತಲೆಕೊಡವಿಗೆ ಹೋಗುತ್ತದೆ. ಮೀನು ಬಾಯಲ್ಲಿ ಕೊಕ್ಕೆ ಹೊತ್ತು ತಿರುಗುತ್ತದೆ, ಅದೂ ಸರಿಯಲ್ಲ. ಬೇಕಿದ್ದುದು 16ರಿಂದ 20 ಪೌಂಡಿನ ಟಿಪ್ಪೆಟ್, ಅದರ ತುದಿಗೆ ಒಂದಡಿ 30 ಅಥವಾ 40 ಪೌಂಡಿನ ಫ್ಲೋರೋಕಾರ್ಬನ್ ದಾರ. ಫ್ಲೋರೋಕಾರ್ಬನ್ ನೀರು ಹೀರುವುದಿಲ್ಲ, ಉಜ್ಜಾಟ ತಡೆಯುತ್ತದೆ, ನೈಲಾನಿಗಿಂತ ಬೇಗ ಮುಳುಗುತ್ತದೆ. ಉಳಿದ ಲೀಡರನ್ನು ಮೀನುಪೇಟೆ ಹತ್ತಿರದ ಬಲೆ ಅಂಗಡಿಯ ಗಡುಸು ನೈಲಾನಿನಲ್ಲೇ ಕಟ್ಟಬಹುದು: ಒಂಬತ್ತಡಿಗೆ 40 ಪೌಂಡಿನದು ಐದೂವರೆ ಅಡಿ, 30ರದ್ದು ಒಂದೂಮುಕ್ಕಾಲು ಅಡಿ, 20ರದ್ದು ಒಂದೂಮುಕ್ಕಾಲು ಅಡಿ. ಗಂಟನ್ನು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಬೇಕು, ಒಣಗಿದ್ದಾಗ ಎಳೆದರೆ ತಿಕ್ಕಾಟದ ಬಿಸಿಗೆ ನೈಲಾನು ಸುಟ್ಟು ಸತ್ವ ಕಳೆದುಕೊಳ್ಳುತ್ತದೆ. ಇದೇ ಕಿಟ್ಟಿನಲ್ಲಿ ಒಣ ಫ್ಲೈ ತೇಲಿಸುವ ಫ್ಲೋಟೆಂಟ್ ಬಾಟಲಿಯೂ ಇದೆ. ಮುಳುಗಲೆಂದೇ ಸೀಸದ ಕಣ್ಣು ಕಟ್ಟಿದ ಕ್ಲೌಸರ್ ಫ್ಲೈಗಳ ಪಕ್ಕದಲ್ಲಿ ಅದನ್ನಿಟ್ಟವರು ಟ್ರೌಟ್ ಕಿಟ್ಟಿಗೆ ಸಾಲ್ಟ್‌ವಾಟರ್ ಚೀಟಿ ಅಂಟಿಸಿದ್ದಾರೆ, ಅಷ್ಟೇ.

ರೀಲಿನ ಚೌಕಟ್ಟು ಅಲ್ಯೂಮಿನಿಯಂ, ತಕ್ಕಮಟ್ಟಿಗಿದೆ. ಸ್ಕ್ರೂಗಳು ಮಾತ್ರ ಎಂಟೇ ದಿನಕ್ಕೆ ಕೆಂಪಾದವು. ‘ಸ್ಟೇನ್‌ಲೆಸ್’ ಎಂದು ಬರೆದ ಆ ಸ್ಕ್ರೂಗಳು ಆಯಸ್ಕಾಂತಕ್ಕೆ ಗಪ್ಪನೆ ಕಚ್ಚುತ್ತವೆ. 304 ಅಥವಾ 316 ದರ್ಜೆಯದ್ದಾಗಿದ್ದರೆ ಹಾಗೆ ಕಚ್ಚುತ್ತಿರಲಿಲ್ಲ. ಉಪ್ಪುನೀರಿಗೆ ಬೇಕಾದದ್ದು ಮಾಲಿಬ್ಡಿನಂ ಇರುವ 316. ಸ್ಕ್ರೂ ತೂತಿನ ಸುತ್ತ ಅಲ್ಯೂಮಿನಿಯಂ ಆಗಲೇ ಬಿಳಿ ಹಿಟ್ಟು ಕಾರುತ್ತಿದೆ. ಎರಡು ಬೇರೆ ಲೋಹಗಳು ಉಪ್ಪುನೀರಲ್ಲಿ ತಾಗಿಕೊಂಡಿದ್ದರೆ ಹೀಗಾಗುತ್ತದೆ. ಒಳ್ಳೆ ಸ್ಕ್ರೂ ಹಾಕಿದರೂ ಗ್ರೀಸಿನ ತೆಳು ಪದರ ಹಚ್ಚಿಯೇ ಕೂರಿಸಬೇಕು. ನಿಮ್ಮ ಸ್ಕ್ರೂಗಳಿಗೆ ಗ್ರೀಸಿನ ವಾಸನೆಯೂ ಇಲ್ಲ.

ಇನ್ನು ನಿರ್ವಹಣಾ ಚೀಟಿ. ಇದನ್ನು ಓದಿಯೇ ಈ ಪತ್ರ ಬರೆಯಬೇಕೆನಿಸಿತು. ‘ಲೈನನ್ನು ತುಕ್ಕು ಬಿಡಿಸುವ ಸ್ಪ್ರೇ ಅಥವಾ ಸೀಮೆಎಣ್ಣೆಯಲ್ಲಿ ಒರೆಸಿ’ ಎಂದಿದೆ! ಪಿವಿಸಿಯನ್ನು ಮೆದುವಾಗಿ ಇಟ್ಟಿರುವ ಪದಾರ್ಥವನ್ನು ಪೆಟ್ರೋಲಿಯಂ ದ್ರಾವಕ ಹೊರಗೆಳೆಯುತ್ತದೆ. ಆಮೇಲೆ ಹೊದಿಕೆ ಒಣಗಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ನೀರು ಹೊಕ್ಕು ತೇಲಬೇಕಾದ ಲೈನು ಮುಳುಗತೊಡಗುತ್ತದೆ. ಡೀಟ್ ಇರುವ ಸೊಳ್ಳೆ ಮುಲಾಮು, ಸನ್‌ಸ್ಕ್ರೀನ್ ಮೆತ್ತಿದ ಕೈಯೂ ಅದನ್ನೇ ಮಾಡುತ್ತದೆ. ಆ ಎಚ್ಚರಿಕೆ ಚೀಟಿಯಲ್ಲಿ ಎಲ್ಲೂ ಇಲ್ಲ. ಹಿನ್ನೀರಿನ ಬದಿಯಲ್ಲಿ ಸಂಜೆ ಸೊಳ್ಳೆ ಮುಲಾಮಿಲ್ಲದೆ ನಿಲ್ಲುವವರು ಯಾರು? ಹಚ್ಚಿಕೊಂಡ ಮೇಲೆ ಅಂಗೈ ತೊಳೆದು ಲೈನು ಮುಟ್ಟಿ ಎಂದು ಒಂದು ಸಾಲು ಸಾಕಿತ್ತು.

ಚೀಟಿಯಲ್ಲಿ ಇರಬೇಕಾಗಿದ್ದುದು ಇದು. ಉಪ್ಪುನೀರಿಂದ ಬಂದ ದಿನವೇ ಬಳಸಿದಷ್ಟು ಲೈನನ್ನು ಬಕೆಟ್ಟಿನ ಸಿಹಿನೀರಿಗೆ ಬಿಚ್ಚಿ ಇಪ್ಪತ್ತು ನಿಮಿಷ ನೆನೆಸಬೇಕು. ಲೈನಿನ ಹಿಂದೆ ಕಟ್ಟಿದ ಬ್ಯಾಕಿಂಗ್ ದಾರದವರೆಗೆ ಮೀನು ಎಳೆದಿದ್ದರೆ ಅದನ್ನೂ. ಹೆಣೆದ ದಾರ ಹಿಡಿದಿಟ್ಟ ಉಪ್ಪು ಲೈನು ಸುತ್ತುವ ಸ್ಪೂಲನ್ನು ಒಳಗಿಂದ ತಿನ್ನುತ್ತದೆ. ಎರಡು ಮೂರು ಸಲ ಬಳಸಿದ ಮೇಲೆ ಉಗುರುಬೆಚ್ಚನೆ ನೀರಿಗೆ ನಾಲ್ಕು ಹನಿ ಮಕ್ಕಳ ಶಾಂಪೂ ಹಾಕಿ, ಮೆತ್ತನೆ ಹತ್ತಿ ಬಟ್ಟೆಯ ನಡುವೆ ಲೈನನ್ನು ಎಳೆಯಬೇಕು. ಬಟ್ಟೆಗೆ ಕಪ್ಪು ಗೆರೆ ಬೀಳುವುದು ನಿಲ್ಲುವ ತನಕ ಎಳೆದು ಸಿಹಿನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಬೇಕು. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರಾವಣ ಬೇಡ, ಹೊದಿಕೆಯ ಜಾರುಗುಣ ಹೋಗುತ್ತದೆ. ರೀಲನ್ನು ಪೈಪಿನ ರಭಸದ ನೀರಿಗೆ ಹಿಡಿಯಬಾರದು, ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಡ್ರ್ಯಾಗ್ (ಲೈನು ಬಿಚ್ಚಿಹೋಗುವುದನ್ನು ತಡೆಯುವ ಬ್ರೇಕ್) ಬಿಗಿ ಮಾಡಿ, ಸಣ್ಣಗೆ ಹರಿವ ನೀರಲ್ಲಿ ತೊಳೆದು, ಸ್ಪೂಲ್ ತೆಗೆದು ಒಣಗಿಸಿ, ಎತ್ತಿಡುವಾಗ ಡ್ರ್ಯಾಗ್ ಪೂರ್ತಿ ಸಡಿಲ ಬಿಡಬೇಕು. ಬಿಗಿಯಾಗೇ ಬಿಟ್ಟರೆ ಒಳಗಿನ ಬಿಲ್ಲೆಗಳು ಒತ್ತಿಕೊಂಡು ಸವೆದುಹೋಗುತ್ತವೆ.

ಉಳಿದವು ಚಿಕ್ಕವು. ದಾರ ಕತ್ತರಿಸುವ ನಿಪ್ಪರಿಗೆ ನೀವು ಬಿಲ್ಲಿನಲ್ಲಿ 850 ರೂಪಾಯಿ ಹಿಡಿದಿದ್ದೀರಿ. ಕಿರಾಣಿ ಅಂಗಡಿಯ ಉಗುರು ಕತ್ತರಿ ಅದೇ ಕೆಲಸ ಮಾಡುತ್ತದೆ. ಕೊಕ್ಕೆ ಬಿಡಿಸುವ ಫೋರ್ಸೆಪ್ಸ್ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ಫ್ಲೈ ಡಬ್ಬಿ ಚೆನ್ನಾಗಿದೆ, ಒದ್ದೆ ಫ್ಲೈ ಇಟ್ಟು ಮುಚ್ಚದೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಈ ನಿಪ್ಪರಿನ ದುಡ್ಡನ್ನು ಸ್ಕ್ರೂಗಳ ಮೇಲೆ ಹಾಕಿದ್ದರೆ ರೀಲು ಉಳಿಯುತ್ತಿತ್ತು.

‘ಸೀಲ್ ತೆಗೆದ ಸಾಮಾನು ವಾಪಸ್ ಇಲ್ಲ’ ಎಂಬ ನಿಮ್ಮ ಉತ್ತರವನ್ನು ಒಪ್ಪಲಾಗದು. ಸೀಲ್ ತೆಗೆಯದೆ ಲೈನು ತೂಗುವುದು ಹೇಗೆ? ಆಮದಾದ ಈ ಡಬ್ಬದ ಮೇಲೆ ತಯಾರಾದ ದೇಶದ ಹೆಸರಿಲ್ಲ. ಪೊಟ್ಟಣ ಸಾಮಾನುಗಳ 2011ರ ನಿಯಮದಂತೆ ಅದು ಇರಲೇಬೇಕು.

ನಾವು ಕೇಳುವುದಿಷ್ಟು. ನಾಲ್ಕು ಕಿಟ್ಟಿಗೂ ನಿಜವಾದ 8 ವೇಟ್ ಉಷ್ಣವಲಯದ ತೇಲುವ ಲೈನು, 316 ದರ್ಜೆಯ ಸ್ಕ್ರೂ ಸೆಟ್, 4, 5, 6ಎಕ್ಸ್ ಬದಲಿಗೆ 16, 20, 30 ಪೌಂಡಿನ ಸುರುಳಿಗಳು. ಇಲ್ಲವಾದರೆ ಪೂರ್ತಿ ಹಣ, ವಾಪಸ್ ಕಳಿಸುವ ಕೊರಿಯರ್ ಖರ್ಚು ನಿಮ್ಮದು. ಸೀಮೆಎಣ್ಣೆಯ ಚೀಟಿಯನ್ನು ಕೂಡಲೇ ಹಿಂಪಡೆದು, ಈ ಕಿಟ್ ಕೊಂಡ ಎಲ್ಲರಿಗೂ ತಿಳಿಸಬೇಕು.

2020ರ ಇ-ಕಾಮರ್ಸ್ ನಿಯಮದಂತೆ ಈ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಗ್ರಾಹಕರು ವಾಸಿಸುವ ಊರಿನಲ್ಲೇ ದಾವೆ ಹೂಡಲು ಅವಕಾಶವಿರುವುದರಿಂದ, ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ.

ಲಗತ್ತು: ಬಿಲ್ಲಿನ ನಕಲು, ತಕ್ಕಡಿಯ ನಾಲ್ಕು ಫೋಟೋ, ಮೈಕ್ರೋಮೀಟರ್ ಫೋಟೋ, ತುಕ್ಕು ಹಿಡಿದ ಎರಡು ಸ್ಕ್ರೂ, ಒಂದು ಮೊಳ ಲೈನು. ಲೈನನ್ನು ಬಿಸಿಲಿಗಿಟ್ಟು ನೀವೇ ನೋಡಿ.

ಇಂತಿ,
ಕಾರವಾರದ ನಾಲ್ವರು ಗ್ರಾಹಕರು